ಏಳನೇ ಬಾಗಿಲಿನ ಬೂದು ಬೆಕ್ಕು

ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಾಲುಹಲ್ಲು ಹುಟ್ಟಿರಲಿಲ್ಲ ನೋಡಿ, ಅಷ್ಟು ಹಿಂದೆ, ಏಳುಬಾಗಿಲಕೋಟೆ ಅಂತ ಒಂದು ರಾಜ್ಯ ಇತ್ತು. ಕೋಟೆಗೆ ಒಂದರ ಹಿಂದೆ ಒಂದು ಏಳು ಬಾಗಿಲು. ನಾನು ಹೇಳುವಾಗ ನಡುನಡುವೆ ಹ್ಞೂಂ ಅನ್ನಿ. ಅನ್ನದಿದ್ದರೆ ನಿದ್ದೆ ಹೋದಿರಿ ಅಂತ ನಿಲ್ಲಿಸಿಬಿಡುತ್ತೇನೆ, ಆಮೇಲೆ ಗೋಗರೆದರೂ ಹೇಳುವವಳಲ್ಲ ನಾನು.

ಆ ರಾಜ್ಯದಲ್ಲಿ ಮಾತಿಗೆ ಬಲವಿತ್ತು. ಹೊರಟವರಿಗೆ ಯಾರಾದರೂ “ಹೋಗಿ ಬಾ” ಅಂದರೆ ಮಾತ್ರ ಅವರಿಗೆ ವಾಪಸ್ ಬರುವ ದಾರಿ ಕಾಣುತ್ತಿತ್ತು. ಅದಕ್ಕೇ ಅಲ್ಲಿನ ಜನ ಭಿಕ್ಷುಕನಿಗೂ “ಹೋಗಿ ಬಾ” ಅನ್ನುವರು, ಬೈದು ಕಳಿಸಿದ ನೆಂಟನಿಗೂ “ಹೋಗಿ ಬಾ” ಅನ್ನುವರು. ಬರೀ “ಹೋಗು” ಅನ್ನುವುದು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ.

ಅಲ್ಲಿಗೆ ಭಸ್ಮಾಂಗ ಅನ್ನುವ ಮಾಂತ್ರಿಕನೊಬ್ಬ ಬಂದು ಸೇರಿಕೊಂಡ. ಕಂಡಕಂಡವರನ್ನು ಕಲ್ಲು ಮಾಡುವುದು ಅವನ ಚಾಳಿ. ವಿಜಯಪಾಲ ರಾಜ ಅವನನ್ನು ಹೇಗೋ ಹಿಡಿದು, ಮಂತ್ರದಂಡ ಮುರಿದು, ಏಳನೇ ಬಾಗಿಲಿನಿಂದ ಆಚೆ ತಳ್ಳಿಸಿದ. ಆ ಬಾಗಿಲು ಕಾಯುತ್ತಿದ್ದವರು ಚಿಕ್ಕತಾಯಿ ಮತ್ತು ಅವಳ ಗಂಡ ಮರಿಸ್ವಾಮಿ. ಮಾಂತ್ರಿಕ ಹೊಸಿಲು ದಾಟಿದ. ಊರಿಗೆ ಊರೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಚಿಕ್ಕತಾಯಿ ಬಾಗಿಲು ಮುಚ್ಚುತ್ತಾ, ಹುಟ್ಟಿದಾಗಿನಿಂದ ಆಡಿದ ಮಾತನ್ನೇ ಆಡಿಬಿಟ್ಟಳು.

“ಹೋಗಿ ಬಾಪ್ಪಾ.”

ಅಯ್ಯೋ ಪುಣ್ಯಾತ್ಗಿತ್ತಿ! ಬಾಗಿಲ ಆಚೆ ಯಾರೋ ಕಿಸಕ್ಕನೆ ನಕ್ಕ ಸದ್ದು ಕೇಳಿಸಿತು.

ಅವತ್ತಿನಿಂದ ಊರಿಗೆ ಅನುಮಾನದ ರೋಗ ಹಿಡಿಯಿತು. ಭಸ್ಮಾಂಗ ಬಂದೇ ಬರುತ್ತಾನೆ, ಆದರೆ ಯಾವ ವೇಷದಲ್ಲಿ? ಹಸು ತಲೆ ಆಡಿಸಿದರೆ ಅನುಮಾನ. ಕಾಗೆ ಇನ್ನೊಂದು ಸಲ ಕೂಗಿದರೆ ಅನುಮಾನ. ಸೊಸೆ ಬಡಿಸಿದ ಮುದ್ದೆಯನ್ನು ಅತ್ತೆ ಮೊದಲು ನಾಯಿಗೆ ಹಾಕಿ ನೋಡುವಳು. ನಾಯಿಯ ಮೇಲೂ ಅನುಮಾನ ಇದ್ದದ್ದರಿಂದ ಅದೂ ಪ್ರಯೋಜನಕ್ಕೆ ಬರಲಿಲ್ಲ, ಮುದ್ದೆ ದಂಡವಾಯಿತು ಅಷ್ಟೆ.

ಅಂಥ ಹೊತ್ತಿನಲ್ಲಿ ಒಬ್ಬ ಪಂಡಿತ ಬಂದ. ಬೆಳ್ಳಗಿನ ಪಂಚೆ, ಮೆತ್ತಗಿನ ಮಾತು. “ಮಹಾಸ್ವಾಮಿ, ಕೇಡು ಒಳಗೆ ಬರೋದು ‘ಬಾ’ ಅನ್ನೋ ಮಾತಿನಿಂದ. ಅದನ್ನೇ ನಿಲ್ಲಿಸಿಬಿಡಿ,” ಅಂದ. ರಾಜನಿಗೆ ಹೌದಲ್ಲ ಅನ್ನಿಸಿತು. ಪಂಡಿತನಿಗೆ ಎಚ್ಚರಯ್ಯ ಅಂತ ಬಿರುದು ಕೊಟ್ಟು ಡಂಗುರ ಸಾರಿಸಿದ: ಇನ್ನು ಮುಂದೆ ಹೊರಟವರಿಗೆ “ಹೋಗು” ಅಂತ ಮಾತ್ರ ಅನ್ನಬೇಕು, “ಬಾ” ಅಂದವರಿಗೆ ಸೆರೆಮನೆ.

ಮಾರನೇ ದಿನವೇ ಯುವರಾಜ ಗಡಿ ನೋಡಲು ಹೊರಟ. ದಾರಿ ತೋರಿಸಲು ಮರಿಸ್ವಾಮಿ ಜೊತೆಗೆ ಹೊರಟ. ಚಿಕ್ಕತಾಯಿಗೆ ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಎಚ್ಚರಯ್ಯ ಪಕ್ಕದಲ್ಲೇ ನಿಂತಿದ್ದ, ಊರವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಒಂದು ಸಲ ಎಡವಿದವಳಲ್ಲವೇ?

“ಹೋಗು,” ಅಂದಳು.

ಮರಿಸ್ವಾಮಿ ತಿರುಗಿ ಅವಳ ಮುಖ ನೋಡಿದ. ಆಮೇಲೆ ಹೊಸಿಲು ದಾಟಿದ. ಹೋದವರು ಬರಲಿಲ್ಲ. ಹುಡುಕಲು ಹೋದವರೂ ಬರಲಿಲ್ಲ. ಭಸ್ಮಾಂಗ ತಿಂದುಹಾಕಿದ ಅಂತ ಊರು ಅಂದುಕೊಂಡಿತು. ದಿನಾ ಸಂಜೆ ಕೋಟೆಯ ಆಚೆ ಹೋಗಿ ವಾಪಸ್ ಬರುತ್ತಿದ್ದವನು ಎಚ್ಚರಯ್ಯ ಒಬ್ಬನೇ. “ಪಂಡಿತರು ಕಣಮ್ಮಾ, ಅವರಿಗೆ ದಾರಿ ಗೊತ್ತು,” ಅನ್ನುತ್ತಿದ್ದಳು ಪಕ್ಕದ ಮನೆಯ ಸಾಕಮ್ಮ.

ಒಂದು ಮಧ್ಯಾಹ್ನ ಚಿಕ್ಕತಾಯಿ ಬಾಗಿಲು ಹಾಕುತ್ತಿದ್ದಾಗ ಆಚೆಯಿಂದ ಬೂದು ಬಣ್ಣದ್ದೇನೋ ಸರಕ್ಕನೆ ನುಗ್ಗಿತು. ಬೂದಿ ಬಣ್ಣ! ಬಂದನಲ್ಲಪ್ಪಾ ಭಸ್ಮಾಂಗ! ಅವಳು ಕಣ್ಣು ಮುಚ್ಚಿ ಬಾಗಿಲನ್ನು ಧಡ್ ಅಂತ ದೂಡಿದಳು. ಲಟಕ್ ಅಂದಿತು. ಕಣ್ಣು ಬಿಟ್ಟು ನೋಡಿದರೆ ಒಂದು ಬೆಕ್ಕು. ಹಿಂಗಾಲು ಮುರಿದು ನೇತಾಡುತ್ತಿತ್ತು.

ಬೆಕ್ಕು ಅವಳನ್ನು ನೋಡಿತು. ಅವಳು ಬೆಕ್ಕನ್ನು ನೋಡಿದಳು. ಇಬ್ಬರಿಗೂ ಇಬ್ಬರ ಮೇಲೂ ಅನುಮಾನ.

“ನೀನು ಯಾರೋ ಏನೋ,” ಅಂದಳು ಚಿಕ್ಕತಾಯಿ. “ಮುರಿದದ್ದಂತೂ ನಾನು. ಕಟ್ಟೋಳೂ ನಾನೇ.”

ಬಿದಿರು ಸೀಳಿ ತೆಳ್ಳಗೆ ಹೆರೆದಳು. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಹಚ್ಚಿದಳು. ಕಟ್ಟಲು ಗಟ್ಟಿ ಬಟ್ಟೆ ಸಿಗಲಿಲ್ಲ. ಮದುವೆಯ ಕೆಂಪು ಸೀರೆಯ ಅಂಚನ್ನೇ ಹರಿದು ಕಟ್ಟಿದಳು. ಬೆಕ್ಕು ಪರಚಿತು, ಕಚ್ಚಿತು. “ಕಚ್ಚು, ಕಚ್ಚು. ಮಾಂತ್ರಿಕ ಆದ್ರೂ ಕಚ್ತಾನೆ, ಬೆಕ್ಕಾದ್ರೂ ಕಚ್ಚುತ್ತೆ, ಇದರಿಂದ ಏನು ತಿಳಿಯುತ್ತೆ ನನಗೆ?” ಓಡಾಡದಿರಲಿ ಅಂತ ಮಂಕರಿ ಬುಟ್ಟಿ ಕವುಚಿ ಅದರೊಳಗೆ ಬಿಟ್ಟಳು. ಅದರ ಹೇಲು ಉಚ್ಚೆಗೆ ಅಂತ ಒಡೆದ ಮಡಕೆಯಲ್ಲಿ ಮರಳು ತುಂಬಿ ಮೂಲೆಗಿಟ್ಟಳು. ಕಟ್ಟು ಕಡಿಯದಿರಲಿ ಅಂತ ಬೇವಿನ ರಸ ಸವರಿದಳು. ಒಂದು ಕೈಯಲ್ಲಿ ಹಾಲು ಕೊಡುವಾಗ ಇನ್ನೊಂದು ಕೈಯಲ್ಲಿ ಒನಕೆ ಹಿಡಿದಿರುತ್ತಿದ್ದಳು. ಪ್ರೀತಿ ಬೇರೆ, ಧೈರ್ಯ ಬೇರೆ.

ಸುದ್ದಿ ಸಾಕಮ್ಮನ ಬಾಯಿ ಸೇರಿತು ಅಂದರೆ ಅರಮನೆ ಸೇರಿತು ಅಂತಲೇ ಲೆಕ್ಕ. ಎಚ್ಚರಯ್ಯ ರಾಜನನ್ನೂ ಊರನ್ನೂ ಕಟ್ಟಿಕೊಂಡು ಬಂದ.

“ಇದನ್ನ ಮೂರು ಪರೀಕ್ಷೆ ಮಾಡ್ತೀನಿ. ಒಂದರಲ್ಲಿ ಸೋತರೂ ಕೆಂಡದ ಹೊಂಡಕ್ಕೆ,” ಅಂದ.

ಮೊದಲನೆಯದು ಅರಿಶಿನದ ಹಾಲು. ಮಾಂತ್ರಿಕರು ಅರಿಶಿನ ಮುಟ್ಟುವುದಿಲ್ಲವಂತೆ. ಹಾಲಿಟ್ಟರೆ ಬೆಕ್ಕು ಮೂಸಿ ಮುಖ ತಿರುಗಿಸಿತು. “ನೋಡಿದ್ರಾ!” ಅಂದ ಎಚ್ಚರಯ್ಯ. “ತಡೀರಿ ಸ್ವಾಮಿ, ಯಾವ ಬೆಕ್ಕು ಕುಡಿಯುತ್ತೆ ಇದನ್ನ?” ಅಂತ ಚಿಕ್ಕತಾಯಿ ಒಣಮೀನಿನ ಪುಡಿ ಉದುರಿಸಿದಳು. ಬೆಕ್ಕು ಬಟ್ಟಲನ್ನೂ ನೆಕ್ಕಿ ಬೆಳಗಿತು. ಸಂಜೆ ಎಚ್ಚರಯ್ಯ ಕೋಟೆಯ ಆಚೆ ಹೊರಡುವಾಗ ಎಂದಿನಂತೆ ಒಂದು ಕಾಲು ಬಾಗಿಲ ಹೊಸಿಲಿನ ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತ. ಎಲೆ ಅಡಿಕೆ ಕೇಳಿದ. ನೀರು ಕೇಳಿದ. ಜನ ಚದುರಿದ ಮೇಲೆ, “ಹಾಗಾದ್ರೆ ಹೊರಟೆ ಕಣಮ್ಮಾ…” ಅಂತ ರಾಗ ಎಳೆದ. “ಹೋಗಿ ಬನ್ನಿ,” ಅಂತ ದಿನದ ಹಾಗೆ ಅವತ್ತೂ ಜಾರಿತು ಅವಳ ನಾಲಿಗೆ. ಅಯ್ಯಯ್ಯೋ ಅಂತ ಬಾಯಿ ಮುಚ್ಚಿಕೊಂಡಳು. ಅವನು ನಕ್ಕು, “ಪರವಾಗಿಲ್ಲ, ಯಾರಿಗೂ ಹೇಳಲ್ಲ,” ಅಂದ.

ಎರಡನೆಯದು ಕನ್ನಡಿ. ಮಾಂತ್ರಿಕನ ಮುಖ ಕನ್ನಡಿಯಲ್ಲಿ ಕಾಣುವುದಿಲ್ಲವಂತೆ. ಎಚ್ಚರಯ್ಯ ಕನ್ನಡಿಯನ್ನು ತಾನೇ ಹಿಡಿದ, ಅದರ ಬೆನ್ನು ತನ್ನ ಕಡೆಗಿರುವಂತೆ. ಬೆಕ್ಕು ಕನ್ನಡಿಗೆ ಬೆನ್ನು ಹಾಕಿ ಮಲಗಿತು. “ಮುಖ ಮರೆಸ್ತಿದೆ!” ಅಂತ ಜನ ಕೂಗಿದರು. ಚಿಕ್ಕತಾಯಿ ಕನ್ನಡಿಯ ತುದಿಯನ್ನು ಚೂರು ಬಿಸಿಲಿಗೆ ತಿರುಗಿಸಿದಳು. ನೆಲದ ಮೇಲೆ ಬೆಳಕಿನ ಚುಕ್ಕೆ ಕುಣಿಯಿತು. ಬೆಕ್ಕು ಕುಂಟಿಕೊಂಡೇ ಅದರ ಹಿಂದೆ ಹೋಗಿ ಕನ್ನಡಿಗೆ ಮೂಗು ತಾಗಿಸಿತು. ಕನ್ನಡಿಯ ಒಳಗಿನಿಂದಲೂ ಒಂದು ಬೆಕ್ಕು ಮೂಗು ತಾಗಿಸಿತು. ಆ ಸಂಜೆಯೂ ಅವನು ಹೊಸಿಲಲ್ಲಿ ನಿಂತ, ಎಲೆ ಅಡಿಕೆ ಕೇಳಿದ, ನೀರು ಕೇಳಿದ. “ಹೋಗಿ ಬನ್ನಿ,” ಅಂತ ಜಾರಿತು. ಅವನು ನಕ್ಕ.

ಆದರೆ ಆ ನಗು ಚಿಕ್ಕತಾಯಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಸಾಕಮ್ಮನ ಮಾವ ತನ್ನ ಮಗಳಿಗೆ “ಹೋಗಿ ಬಾರಮ್ಮ” ಅಂದಿದ್ದಕ್ಕೆ ಇದೇ ಮನುಷ್ಯ ಆ ಮುದುಕನನ್ನು ಸೆರೆಗೆ ಹಾಕಿಸಿದ್ದ. ನನ್ನ ಮೇಲೆ ಮಾತ್ರ ಯಾಕೆ ಇಷ್ಟು ಕರುಣೆ ಅಂದುಕೊಂಡಳು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. “ಬೆಕ್ಕಿಗೆ ‘ಹೋಗು’ ಅಂತ ಹೇಳಿ ಆಚೆ ಬಿಡು,” ಅಂದ ಎಚ್ಚರಯ್ಯ. “ವಾಪಸ್ ಬಂದರೆ ಅದೇ ಭಸ್ಮಾಂಗ. ನಾನೂ ಹಿಂದೆಯೇ ಹೋಗಿ ಅದು ಏನು ಮಾಡುತ್ತೆ ನೋಡ್ತೀನಿ.”

ಚಿಕ್ಕತಾಯಿಯ ಎದೆ ಒಡೆಯಿತು. ಬೆಕ್ಕು ಅಂದಮೇಲೆ ಬಂದೇ ಬರುತ್ತದೆ, ಅದಕ್ಕೆ ಯಾರ ‘ಬಾ’ ಬೇಕು? ಬಂದರೆ ಕೆಂಡ. ಬರದಿದ್ದರೆ ಇವನೇ ಅದರ ಕತ್ತು ಹಿಸುಕಿರುತ್ತಾನೆ. ಇಷ್ಟು ದಿನ ಒನಕೆ ಹಿಡಿದೇ ಸಾಕಿದ್ದಳು. ಈಗ ಬೆಕ್ಕನ್ನು ಎದೆಗೆ ಅವುಚಿಕೊಂಡರೆ ಅಳು ನಿಲ್ಲಲಿಲ್ಲ.

ಎಚ್ಚರಯ್ಯ ಒಂದು ಕಾಲು ಆಚೆ ಇಟ್ಟ. ನಿಂತ. “ಹಾಗಾದ್ರೆ ಹೊರಟೆ ಕಣಮ್ಮಾ…”

ಇವತ್ತು ರಾಜ ಎದುರಿಗೇ ಇದ್ದ. ಅವಳು ತುಟಿ ಬಿಗಿಹಿಡಿದಳು. ಎಲೆ ಅಡಿಕೆ ಕೇಳಿದ, ಕೊಟ್ಟಳು. ನೀರು ಕೇಳಿದ, ಕೊಟ್ಟಳು. ಅವನು ಬಗ್ಗಿ ಅವಳ ಕಿವಿಯಲ್ಲಿ, “ದಿನಾ ಏನೋ ಅಂತಿದ್ದೆಯಲ್ಲ?” ಅಂದ. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಬೆವರು ಬೂದಿ ಬಣ್ಣಕ್ಕಿತ್ತು.

ಅವಳಿಗೆ ಎಲ್ಲ ಹೊಳೆಯಿತು.

“ಬುದ್ಧಿಯೋರೇ!” ಅಂತ ರಾಜನನ್ನು ಕೂಗಿದಳು. “ದಿನಾ ಸಂಜೆ ನಾನು ಇವನಿಗೆ ‘ಹೋಗಿ ಬನ್ನಿ’ ಅಂತಿದ್ದೆ. ಸೆರೆಗೆ ಹಾಕಿಸಲಿಲ್ಲ, ನಗ್ತಿದ್ದ. ಇವನು ಒಬ್ಬನೇ ವಾಪಸ್ ಬರ್ತಿದ್ದದ್ದು ಹೇಗೆ ಅಂತ ಈಗ ಗೊತ್ತಾಯ್ತಾ? ಯುವರಾಜರು ಬರದೇ ಇರಲಿ ಅಂತ ನಮ್ಮ ಬಾಯಿ ಕಟ್ಟಿಸಿದ, ತನಗೆ ಬೇಕಾದ್ದನ್ನ ಮಾತ್ರ ನನ್ನ ಬಾಯಿಂದ ಕದ್ದ!”

ಎಚ್ಚರಯ್ಯ ಹೊರಗಿದ್ದ ಕಾಲನ್ನು ಒಳಗೆ ಎಳೆದುಕೊಳ್ಳಲು ನೋಡಿದ. ಆಗಲಿಲ್ಲ, ಹೊರಟೆ ಅಂದವನಿಗೆ ಇನ್ನೂ ಯಾರೂ ‘ಬಾ’ ಅಂದಿರಲಿಲ್ಲವಲ್ಲ. “ತಂಗೀ, ನನ್ನ ತಾಯೀ, ಒಂದೇ ಒಂದು ಸಲ ಅನ್ನು,” ಅಂತ ಹಲ್ಲು ಗಿಂಜಿದ.

ಹುಟ್ಟಿದಾಗಿನಿಂದ ಅವಳು ಆ ಕೆಟ್ಟ ಮಾತನ್ನು ಆಡಿದ್ದು ಒಂದೇ ಸಲ. ನಾಲಿಗೆ ಈಗಲೂ ತಡೆಯಿತು. ಹೋಗಿ… ಅಂತ ಅಭ್ಯಾಸ ಎಳೆಯಿತು. ಅವನ ಕಣ್ಣು ಮಿನುಗಿತು.

“ನನ್ನ ಗಂಡನಿಗೇ ಅಂದಿದ್ದೀನಿ ಆ ಮಾತನ್ನ, ನಿನ್ನ ಎದುರಿಗೇ,” ಅಂದಳು ಚಿಕ್ಕತಾಯಿ. “ನಿನಗೆ ಅನ್ನೋದಕ್ಕೆ ನನಗೇನು ಸಂಕಟ? ಹೋಗು!”

ಬೆಳ್ಳಗಿನ ಪಂಚೆ ಕಪ್ಪಾಯಿತು. ಮನುಷ್ಯ ಬೂದಿಯಾದ. ಬೂದಿಯನ್ನು ಗಾಳಿ ಹೊತ್ತುಕೊಂಡು ಹೋಯಿತು. ಊರಲ್ಲಿ ಕಲ್ಲಾಗಿದ್ದವರೆಲ್ಲ ಮೈಮುರಿದು ಎದ್ದು, ಊಟಕ್ಕೆ ಏನಿದೆ ಅಂತ ಕೇಳಿದರು.

ಆದರೆ ಯುವರಾಜ? ಮರಿಸ್ವಾಮಿ? ಅವರು ಹೊರಟಾಗ ಯಾರೂ ‘ಬಾ’ ಅಂದಿರಲಿಲ್ಲ. ಆಡದ ಮಾತನ್ನು ಈಗ ಎಲ್ಲಿಂದ ತರುವುದು? ರಾಜ ನೆಲದ ಮೇಲೇ ಕೂತುಬಿಟ್ಟ. ಅಷ್ಟರಲ್ಲಿ ಬೆಕ್ಕು ಚಿಕ್ಕತಾಯಿಯ ಕೈಯಿಂದ ಇಳಿದು, ಮೂರು ಕಾಲಲ್ಲಿ ಕುಂಟುತ್ತಾ ಹೊಸಿಲು ದಾಟಿತು.

“ಹೋಗಿ ಬಾರೋ ಕಂದಾ,” ಅಂದಳು ಚಿಕ್ಕತಾಯಿ.

“ಬಂದ ಹಾಗೇ! ಬೆಕ್ಕಿಗೆ ನಿಯತ್ತಿದೆಯಾ?” ಅಂದಳು ಸಾಕಮ್ಮ. ಅವಳಿಗೆ ಅನುಮಾನದ ರೋಗ ಇನ್ನೂ ಬಿಟ್ಟಿರಲಿಲ್ಲ.

ಮಾರನೇ ದಿನ ಹಾಲು ಕರೆಯುವ ಹೊತ್ತಿಗೆ ಬೆಕ್ಕು ಬಂತು. ಅದರ ಹಿಂದೆ ಯುವರಾಜನ ಕುದುರೆ. ಕುದುರೆಯ ಹಿಂದೆ ಹೋದವರೆಲ್ಲ. ಎಲ್ಲರ ಮುಂದೆ, ಬೆಕ್ಕಿನ ಬಾಲ ತುಳಿಯುವಷ್ಟು ಹತ್ತಿರ, ಗಡ್ಡ ಬೆಳೆದ ಮರಿಸ್ವಾಮಿ.

ಚಿಕ್ಕತಾಯಿ ಅವನ ಕಾಲಿಗೆ ಬಿದ್ದಳು. “ಅವತ್ತು ನಾನು ‘ಬಾ’ ಅನ್ನಲಿಲ್ಲ.”

“ಏಳು, ಏಳು. ಅದೇ ಗುಡ್ಡ ಸುತ್ತಿ ಸುತ್ತಿ ಸಾಕಾಗಿತ್ತು ಕಣೇ, ಯಾವ ದಾರಿ ಹಿಡಿದರೂ ಅಲ್ಲಿಗೇ ಬರ್ತಿದ್ವಿ,” ಅಂದ ಮರಿಸ್ವಾಮಿ. “ಈ ಬೆಕ್ಕು ಎದುರಿಗೆ ಬಂತು. ನೋಡಿದ್ರೆ ಕಾಲಲ್ಲಿ ನಿನ್ನ ಧಾರೆ ಸೀರೆ ಅಂಚು. ನನ್ನ ಹೆಂಡ್ತಿ ಬಾ ಅಂತಿದ್ದಾಳೆ ಅಂದ್ಕೊಂಡು ಅದರ ಹಿಂದೆ ಬಂದೆ.”

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಬೆಕ್ಕಿನ ಕಾಲು ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಡಂಗುರದವನು ಊರೆಲ್ಲ “ಹೋಗಿ ಬನ್ನಿ” ಅಂತ ಸಾರಿ ಬಂದ. ಚಿಕ್ಕತಾಯಿ ಮಾತ್ರ ಏಳನೇ ಬಾಗಿಲಲ್ಲಿ ಹೊರಟವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಆಮೇಲೆಯೇ ಆ ಮಾತು ಆಡುತ್ತಿದ್ದಳಂತೆ.

ಕತೆ ಮುಗಿಯಿತು, ಏಳಿ. ಎಲ್ಲಿ, ಮುಖ ತೋರಿಸಿ ನೋಡೋಣ. ಹ್ಞೂಂ, ಚೆನ್ನಾಗಿದೆ. ಹೋಗಿ ಬನ್ನಿ.