ಪಾಠದ ಮಾತು

"ಅದನ್ನ ಆಫ್ ಮಾಡಿ!"

ಹಿಂದಿನಿಂದ ಬಂದ ಕೈಯೊಂದು ಅವಳ ವಾಕಿಟಾಕಿಯನ್ನು ಕಿತ್ತುಕೊಂಡಿತು. ಬ್ಯಾಟರಿ ಕಳಚಿ ತನ್ನ ಜೇಬಿಗೆ ಇಳಿಸಿಕೊಂಡಿತು. ಖಾಲಿ ಡಬ್ಬಿಯನ್ನು ಮಾತ್ರ ವಾಪಸ್ ಕೊಟ್ಟಿತು.

"ಯಾರ್ರೀ ನೀವು? ಮೇಲೆ ಒಬ್ಬ ಚೀಲ ತಬ್ಕೊಂಡು ಕೂತಿದ್ದಾನೆ. ನಾನು ಅವನನ್ನ ಮಾತಾಡಿಸ್ಬೇಕು!"

"ಚೀಲದಲ್ಲಿ ಏನಿದೆ ಗೊತ್ತಿಲ್ಲ. ಸಿಗ್ನಲ್ ತಾಗಿದ್ರೆ ಸಿಡಿಯೋ ಅಂಥದ್ದೂ ಇರುತ್ತೆ."

"ಮತ್ತೆ ನಾನು ಯಾವುದ್ರಲ್ಲಿ ಮಾತಾಡ್ಲಿ?"

"ಗಂಟಲಲ್ಲಿ."

ಅಷ್ಟೇ! ಬಾಂಬ್ ನಿಷ್ಕ್ರಿಯ ದಳದ ಆ ಮನುಷ್ಯ ಮೆಟ್ಟಿಲಿನ ಮೇಲೆ ಕೂತುಬಿಟ್ಟ. ಮುಖ ನೋಡಿದರೆ, ಮುತ್ತು ಉದುರೀತು ಎಂದು ಬಾಯಿ ಹೊಲಿದುಕೊಂಡವನ ಹಾಗಿತ್ತು.

ಅವಳದು ಸಂಧಾನ ದಳ. ಛಾವಣಿಯ ಅಂಚಿಗೆ ಹೋದವರನ್ನು, ಬಾಗಿಲು ಹಾಕಿಕೊಂಡು ಚಾಕು ಹಿಡಿದವರನ್ನು ಬರೀ ಮಾತಿನಿಂದ ಈಚೆಗೆ ತರುವುದು ಅವಳ ಕೆಲಸ. ಅವತ್ತು ಗಂಟಲಲ್ಲೇ ಮಾತಾಡಿದಳು, ಗಂಟಲು ಹರಿಯುವ ತನಕ. ಕೊನೆಗೆ ಚೀಲದಲ್ಲಿ ಸಿಕ್ಕಿದ್ದು ಹಳೇ ಬಟ್ಟೆ.

ದಣಿದು ಕೂತವಳ ಮುಂದೆ ಒಂದು ಫ್ಲಾಸ್ಕ್ ಬಂತು. ಬಿಸಿನೀರು. ಕೊಟ್ಟವನು ಅದೇ ಬಾಂಬ್ ದಳದವನು. ಅವಳು ಥ್ಯಾಂಕ್ಸ್ ಎನ್ನಲು ಹೋದರೆ ಹೊರಟದ್ದು ಕಪ್ಪೆಯ ದನಿ.

ಅವನು ನಕ್ಕ. ಕಲ್ಲು ನಕ್ಕ ಹಾಗೆ!

ಆಮೇಲೆ ಎರಡೂ ದಳಗಳ ನಡುವಿನ ಕ್ಯಾಂಟೀನಿನಲ್ಲಿ ಚಹಾ ಎರಡು ಲೋಟವಾಯಿತು. ಅವಳು ಮಾತಾಡುವಳು, ಅವನು ಕೇಳುವನು. ಅವಳಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ಅವನಿಗೆ ಮೂಗಪ್ಪ.

ಶ್ವಾನದಳದ ದಪ್ಪ ಮೀಸೆಯ ಹವಾಲ್ದಾರ ದಿನಾ ಕಾಡುತ್ತಿದ್ದ: "ಏನೋ ಮೂಗಪ್ಪಾ, ರೇಡಿಯೋ ಹತ್ರ ಬಂದ್ರೆ ಸಿಡಿಯುತ್ತೆ ಅಂತ ಊರಿಗೆಲ್ಲಾ ಬುದ್ಧಿ ಹೇಳ್ತೀಯ. ನೀನು ನೋಡಿದ್ರೆ ಪಕ್ಕದಲ್ಲೇ ಕೂರಿಸ್ಕೊಂಡಿದ್ದೀಯ!"

ಅವನ ಕಿವಿ ಕೆಂಪಾಗುತ್ತಿತ್ತು. ಅವಳಿಗೆ ಅದೇ ಉತ್ತರ, ಅದೇ ಸಾಕು.

ಅವನ ತಾಯಿಗೆ ಹೃದಯದ ಆಪರೇಷನ್ ಆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವನು ಬಾಗಿ ಕೂತಿದ್ದ. ಎಂಥ ತಂತಿ ಹಿಡಿದರೂ ನಡುಗದ ಕೈ ಆವತ್ತು ನಡುಗುತ್ತಿತ್ತು. ಅವಳು ಆ ಕೈ ಹಿಡಿದು ಹೇಳಿದ್ದಳು:

"ನಾನು ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ."

ಅವನು ಮೊದಲ ಬಾರಿಗೆ ಅವಳ ಭುಜಕ್ಕೆ ತಲೆಯಾನಿಸಿದ್ದ.

ತಾಯಿ ಹುಷಾರಾದರು. ಆದರೆ ಮುಂದಿನ ವಾರದಿಂದ... ಅವನು ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟ. ಫೋನ್ ಎತ್ತಲಿಲ್ಲ. ಎದುರಿಗೆ ಸಿಕ್ಕರೆ, "ಮೇಡಂ" ಎಂದು ದಾರಿ ಬಿಟ್ಟ.

ಮೇಡಂ! ಯಾರ ಬಾಯಲ್ಲೂ ಆ ಶಬ್ದ ಅವಳಿಗೆ ಅಷ್ಟು ಚುಚ್ಚಿರಲಿಲ್ಲ.

ಅವನ ತಾಯಿಯೇ ಫೋನ್ ಮಾಡಿದ್ದರು. "ಏನಾಯ್ತು ಮಗಳೇ? ಮೊದಲೇ ಮಾತಿಲ್ಲ, ಈಗ ಊಟವೂ ಇಲ್ಲ. ಕೇಳಿದ್ರೆ ಗೋಡೆ ನೋಡ್ತಾನೆ."

"ನನಗೂ ಗೋಡೆಯೇ ಅಮ್ಮ," ಎಂದಿದ್ದಳು.

ಸಾಯಲು ಹೊರಟವರ ಬಾಯಿ ಬಿಡಿಸುವವಳಿಗೆ ಪ್ರೀತಿಸಿದವನ ಬಾಯಿ ಬಿಡಿಸಲು ಆಗಲಿಲ್ಲ. ಕೇಳಲು ಹೋಗಲಿಕ್ಕೆ ಸ್ವಾಭಿಮಾನ ಅಡ್ಡ ಬಂತು. ಬೇಡ ಎಂದವನ ಹಿಂದೆ ಎಷ್ಟು ದೂರ ಹೋಗುವುದು?

ಹೀಗಿರುವಾಗ ಕರೆ ಬಂತು.

ಕಲ್ಲುಕ್ವಾರಿಯ ಆಫೀಸು. ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ, ಅಲ್ಲಿಯೇ ಬಂಡೆ ಸಿಡಿಸುತ್ತಿದ್ದ ನಡುವಯಸ್ಸಿನ ಕೆಲಸಗಾರ. ಎದೆಗೆ ಏನೋ ಕಟ್ಟಿಕೊಂಡಿದ್ದ. ಬಲಗೈಯಲ್ಲಿ ಒಂದು ಗುಂಡಿ. ಒತ್ತಿ ಹಿಡಿದಿರುವ ತನಕ ಸರಿ. ಬೆರಳು ಸಡಿಲಿಸಿದರೆ ಮುಗಿಯಿತು.

ಮೆಟ್ಟಿಲ ಬುಡದಲ್ಲಿ ಮೂಗಪ್ಪ ಎಲ್ಲರ ಬ್ಯಾಟರಿ ಇಸಿದುಕೊಳ್ಳುತ್ತಿದ್ದ. ಅವಳು ಕೇಳುವ ಮುಂಚೆಯೇ ಕಳಚಿ ಅವನ ಅಂಗೈಗೆ ಹಾಕಿದಳು. ಬೆರಳು ತಾಗಿತು. ಕಣ್ಣು ತಾಗಲಿಲ್ಲ.

ಅರ್ಧ ತೆರೆದ ಬಾಗಿಲಿನ ಹೊರಗೆ ನೆಲಕ್ಕೆ ಕೂತು ಅವಳು ಶುರು ಮಾಡಿದಳು.

"ಅಣ್ಣಾ, ಕೈ ನೋವಾಗ್ತಿದೆಯಾ?"

ಕೆಲಸಗಾರ ಬೆಚ್ಚಿದ. ಯಾರೂ ಅದನ್ನು ಕೇಳಿರಲಿಲ್ಲ. "...ಜೋಮು ಹಿಡಿದಿದೆ."

ಆಮೇಲೆ ಮಾತು ತೊಟ್ಟು ತೊಟ್ಟಾಗಿ ಬಂತು. ಕ್ವಾರಿಯಲ್ಲಿ ಬಂಡೆ ಉರುಳಿ ಅವನ ತಮ್ಮ ಸತ್ತಿದ್ದ. ಹೆಣದ ಮುಂದೆ ನಿಂತು ಕ್ವಾರಿಯ ದೊಡ್ಡವರೆಲ್ಲ "ನಾವಿದ್ದೀವಿ" ಎಂದಿದ್ದರು. ಮಣ್ಣು ಹಾಕುವ ಹೊತ್ತಿಗೆ ಒಬ್ಬರೂ ಇರಲಿಲ್ಲ.

"ಸಾಯ್ಬೇಕು ಅಂತಲೇ ಬಂದೆ. ಈಗ... ಭಯ ಆಗ್ತಿದೆ ತಾಯಿ. ಬೆರಳು ನಿಲ್ತಿಲ್ಲ."

"ನಮ್ಮವನು ಒಬ್ಬ ಒಳಗೆ ಬರ್ತಾನೆ ಅಣ್ಣಾ. ಆ ಗುಂಡೀನ ತನ್ನ ಕೈಗೆ ತಗೋತಾನೆ."

ದಪ್ಪ ಕವಚ, ಹೆಲ್ಮೆಟ್ ತೊಟ್ಟ ಮೂಗಪ್ಪ ಅವಳನ್ನು ದಾಟಿ ಒಳಗೆ ಹೋದ. ಅವಳು ದನಿಯನ್ನು ಪಳಗಿಸಿ, ಮೆತ್ತಗೆ, ಬೆಣ್ಣೆಯ ಹಾಗೆ ಹೇಳಿದಳು:

"ಹೆದರ್ಬೇಡಿ. ನಾನು ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ."

ಕೆಲಸಗಾರ ಕೆರಳಿದ. "ಸುಳ್ಳು! ಇದೂ ನಿಮಗೆ ಹೇಳಿಕೊಟ್ಟ ಪಾಠ ತಾನೇ? ಎಲ್ಲರಿಗೂ ಇದನ್ನೇ ಒದರ್ತೀರಿ ತಾನೇ?"

ಕವಚದೊಳಗಿನ ಆಕೃತಿ ಗಕ್ಕನೆ ನಿಂತಿತು. ಕೆಲಸಗಾರನ ಮಾತಿಗಲ್ಲ... ಅವಳ ಉತ್ತರಕ್ಕೆ ಕಾದು ನಿಂತ ಹಾಗೆ, ಹೆಲ್ಮೆಟ್ಟು ಮೆಲ್ಲನೆ ಬಾಗಿಲ ಕಡೆ ತಿರುಗಿತು.

ಅವಳಿಗೆ ಥಟ್ಟನೆ ನೆನಪಾಯಿತು.

ಆಪರೇಷನ್ ಆದ ಮುಂದಿನ ವಾರ... ನೀರಿನ ಟ್ಯಾಂಕ್ ಹತ್ತಿದ್ದ ಒಬ್ಬ ಹುಡುಗ! ಸೊಂಟಕ್ಕೆ ಏನೋ ಕಟ್ಟಿಕೊಂಡಿದ್ದಾನೆಂದು ಬಾಂಬ್ ದಳವನ್ನೂ ಕರೆಸಿದ್ದರು. ಆ ಹುಡುಗನಿಗೂ ಅವಳು ಇದೇ ಮಾತು ಹೇಳಿದ್ದಳು. ಇದೇ ದನಿ. ಮಾತಿನ ನಡುವೆ ಇದೇ ಜಾಗದಲ್ಲಿ ಉಸಿರು ಬಿಟ್ಟು.

ಕೆಳಗೆ ಮೂಗಪ್ಪ ನಿಂತಿದ್ದ!

'ಅಯ್ಯೋ ಮಂಕೇ... ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಮಾಡ್ತಿದ್ದೆ ಅಂದ್ಕೊಂಡ್ಯಾ?'

ಎದುರಿನವರ ಅನುಮಾನಕ್ಕೆ ಹೌದು ಎನ್ನಬಾರದು, ಮಾತು ಹೊರಳಿಸಬೇಕು. ಅವಳು ಕಲಿತದ್ದು ಅದು. ಇಂದು ಅವಳು ಹೊರಳಿಸಲಿಲ್ಲ.

"ಹೌದು ಅಣ್ಣಾ. ಪಾಠದ ಮಾತೇ. ಬೇಕಾದಷ್ಟು ಜನಕ್ಕೆ ಹೇಳಿದ್ದೀನಿ. ಆದ್ರೆ ಹೇಳಿ ಎದ್ದು ಹೋದವಳಲ್ಲ, ಒಬ್ಬರನ್ನೂ ಬಿಟ್ಟು ಹೋಗಿಲ್ಲ. ಮಾತು ಪಾಠದ್ದು. ಕೂರೋದು... ಅದು ನನ್ನದು."

ಹೆಲ್ಮೆಟ್ಟು ಮತ್ತೆ ಕೆಲಸಗಾರನ ಕಡೆ ತಿರುಗಿತು.

ಕೆಲಸಗಾರ ಬಿಕ್ಕಿದ. ಕೈ ಮುಂದೆ ಚಾಚಿದ. "ತಗೊಳ್ಳಪ್ಪಾ..."

ಬೆರಳಿನ ಮೇಲೆ ಬೆರಳು. ಒಂದು ಜಾರಿತು, ಇನ್ನೊಂದು ಒತ್ತಿತು. ಎದೆಯ ಕಟ್ಟು ನಿಧಾನವಾಗಿ ಬಿಚ್ಚಿ ಮೇಜಿಗೆ ಬಂತು. ಕೆಲಸಗಾರ ಈಚೆ ಬಂದವನೇ ಅವಳ ಮುಂದೆ ಕುಸಿದ. ಅವಳು ಅವನನ್ನು ಎಬ್ಬಿಸಿ ಕೆಳಗಿನವರ ಕೈಗೆ ದಾಟಿಸಿದಳು.

ಈಗ ಒಳಗೆ ಮೂಗಪ್ಪ ಒಬ್ಬನೇ. ಗುಂಡಿ ಅವನ ಕೈಯಲ್ಲಿ.

"ಹೋಗು," ಎಂದ. ಎಷ್ಟೋ ದಿನಗಳ ಮೇಲೆ ಏಕವಚನ! "ಮೆಟ್ಟಿಲ ತಿರುವಿನ ಗೋಡೆ ಹಿಂದೆ ಹೋಗು. ಅಲ್ಲಿಗೆ ಏನೂ ತಾಗಲ್ಲ."

ಅವಳು ಗೋಡೆಯ ಹಿಂದೆ ಹೋದಳು. ಕೆಲಸದ ಶಿಸ್ತು ಶಿಸ್ತೇ. ಆದರೆ ಅಲ್ಲಿಂದ ಕೆಳಗೆ ಒಂದು ಮೆಟ್ಟಿಲೂ ಇಳಿಯಲಿಲ್ಲ. ಹವಾಲ್ದಾರ ಬಂದು ತೋಳು ಎಳೆದ, "ಬಾ ತಂಗಿ." ಅವಳು ಕಂಬಿ ಹಿಡಿದುಕೊಂಡಳು.

"ಇಲ್ಲೇ ಇದ್ದೀನಿ!" ಎಂದು ಕೂಗಿದಳು.

"ಆ ದನಿ ಬೇಡ," ಒಳಗಿನಿಂದ ಉತ್ತರ ಬಂತು. "ಅದು ಎಲ್ಲರಿಗೂ ಸಿಗುತ್ತೆ."

ಅವಳ ಪಳಗಿದ ದನಿ, ಬೆಣ್ಣೆ, ತಾಳ್ಮೆ ಎಲ್ಲಾ ಒಟ್ಟಿಗೆ ಒಡೆದುಹೋಯಿತು.

"ಲೇ ಮೂಗಪ್ಪಾ! ಕ್ಯಾಂಟೀನಲ್ಲಿ ಒಬ್ಬಳೇ ಎರಡು ಲೋಟ ಚಹಾ ಇಟ್ಕೊಂಡು ಕೂತಿದ್ದೀನಲ್ಲೋ, ನಾಚಿಕೆ ಬಿಟ್ಟು! ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ? ಅಲ್ಲೇನಾದ್ರೂ ಸತ್ತೆ ಅಂದ್ರೆ ಕೊಂದುಹಾಕ್ತೀನಿ ನಿನ್ನ!"

ಹವಾಲ್ದಾರ ಬಾಯಿ ತೆರೆದು ನಿಂತ. ಸಂಧಾನ ದಳದಲ್ಲಿ ಅಂಥ ಸಂಧಾನವನ್ನು ಯಾರೂ ಕೇಳಿರಲಿಲ್ಲ!

ಒಳಗೆ ಮೌನ.

ಮತ್ತೆ ಮೌನ...

ಅವಳು ಕಣ್ಣು ಮುಚ್ಚಿದಳು. ಈ ಮನುಷ್ಯನ ಎಲ್ಲ ಮೌನಗಳೂ ಅವಳಿಗೆ ಗೊತ್ತಿದ್ದವು. ಚಹಾದ ಮುಂದಿನದು, ಆಸ್ಪತ್ರೆಯದು, ದಾರಿ ಬಿಟ್ಟು ನಿಂತದ್ದು. ಇದು ಗೊತ್ತಿರಲಿಲ್ಲ. ಇದರ ಆಚೆ ಏನಿದೆ ಎಂದು ಯಾರೂ ಹೇಳಲಾರರು.

ಟಕ್.

ಒಂದು ಸಣ್ಣ ಸದ್ದು. ಅದರ ಹಿಂದೆಯೇ ಭಾರದ ಹೆಜ್ಜೆಗಳು.

ಹೆಲ್ಮೆಟ್ ಕಂಕುಳಲ್ಲಿತ್ತು. ಮುಖದ ತುಂಬ ಬೆವರು. ಅವನು ಅವಳೆದುರಿನ ಮೆಟ್ಟಿಲ ಮೇಲೆ ಕವಚದ ಸಮೇತ ಕುಕ್ಕರಿಸಿದ. ಹವಾಲ್ದಾರ ಕೆಮ್ಮಿ, "ನನ್ನ ನಾಯಿಗೆ ನೀರು ಇಡ್ಬೇಕು," ಎಂದು ಇಳಿದು ಹೋದ.

"ಟ್ಯಾಂಕಿನ ಹತ್ರ ಕೇಳಿಸ್ಕೊಂಡೆ," ಅವನು ನೆಲ ನೋಡುತ್ತ ಹೇಳಿದ. "ಆವತ್ತು ನನಗೆ ಹೇಳಿದ್ದೇ ಮಾತು, ಒಂದಕ್ಷರ ಬಿಡದೆ. ನಾನೂ ನಿನ್ನ ಒಂದು ಕೇಸು ಅಂದ್ಕೊಂಡೆ."

"ಕೇಳ್ಬಹುದಿತ್ತಲ್ಲ!"

"ಹೌದು ಅಂದುಬಿಡ್ತೀಯೇನೋ ಅಂತ... ತಂತಿಗೆ ಹೆದರಿದವನಲ್ಲ. ಅದಕ್ಕೆ ಹೆದರಿದೆ."

ಅವಳು ಅತ್ತಳು. ಹೊರಟದ್ದು ಮತ್ತೆ ಕಪ್ಪೆಯ ದನಿ.

ಅವನು ಜೇಬಿನಿಂದ ಅವಳ ಬ್ಯಾಟರಿ ತೆಗೆದ. ಅವಳ ಸೊಂಟದ ವಾಕಿಟಾಕಿಗೆ ತಾನೇ ಸಿಕ್ಕಿಸಿದ. ಕೆಂಪು ದೀಪ ಹೊತ್ತಿತು.

"ಇನ್ನು ರೇಡಿಯೋ ಆನ್ ಮಾಡಬಹುದು," ಎಂದ.

"ಆಮೇಲೆ ಸಿಡಿದ್ರೆ?"

"ಸಿಡೀಲಿ." ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. "ನಾನು... ನಾನು ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ."

ಅವಳು ಮೂಗು ಒರೆಸಿಕೊಂಡು ಹುಬ್ಬೇರಿಸಿದಳು. "ಇದು ಪಾಠದ ಮಾತಾ?"

"ನಾನು ಆ ಕ್ಲಾಸಿಗೇ ಹೋದವನಲ್ಲ ಕಣೇ."