ಸೆಕೆಂಡ್ ಶಿಫ್ಟ್ ಕ್ಲಬ್ಬಿನ ಹನ್ನೊಂದು ಅಂಗಿ

"ಮಠ ಸೇರೋಕೆ ಒಬ್ರೇ ಓಗ್ತಿದ್ದೀರೋ, ಇಲ್ಲಾ ಊರೋರ್ನೆಲ್ಲ ಕರ್ಕೊಂಡು ಓಗ್ತಿದ್ದೀರೋ?"

ಕೇಳಿಬಿಟ್ಟ ಮೇಲೆ ವೆಂಕಟರತ್ನಮ್ಮ ನಾಲಿಗೆ ಕಚ್ಚಿಕೊಂಡಳು. ಅಂಗಡಿಯ ಹಲಗೆಯ ಮೇಲೆ ಕಾವಿ ಬಟ್ಟೆಯ ದಪ್ಪ ಸುರುಳಿ ಇಳಿಸಿ ನಿಂತಿದ್ದ ಯುವಕ ಪರದೆಯ ಕಡೆ ತಿರುಗಿಯೇಬಿಟ್ಟಿದ್ದ. ಪರದೆಯ ಸಂದಿನಲ್ಲಿ ತನ್ನ ಒಂದು ಕಣ್ಣು ಮತ್ತು ಮೂಗುತಿ ಅವನಿಗೆ ಕಾಣುತ್ತಿದೆ ಅಂತ ಅವಳಿಗೆ ಹೊಳೆಯುವಷ್ಟರಲ್ಲಿ ಅವನ ತುಟಿಯ ಅಂಚಿನಲ್ಲಿ ನಗು ಬಂದು ಕೂತಿತ್ತು.

"ಮಠ ಅಲ್ಲ, ಫುಟ್‌ಬಾಲ್ ಕ್ಲಬ್ಬು. ಹನ್ನೊಂದು ಅಂಗಿ ಬೇಕು, ಎಲ್ಲಾ ಒಂದೇ ತರ."

"ಕಾವಿ ಹಾಕ್ಕೊಂಡು ಫುಟ್‌ಬಾಲಾ?"

"ಒಂದೇ ಬಣ್ಣದಲ್ಲಿ ಅಷ್ಟು ಬಟ್ಟೆ ಸಿಕ್ಕಿದ್ದು ಇದೊಂದೇ. ನಾನೇನ್ ಮಾಡ್ಲಿ?"

"ರತ್ನಾ, ಗಿರಾಕಿ ಜತೆ ಅಂಗೆಲ್ಲ ಮಾತಾಡ್ತಾರೇನಮ್ಮಿ?" ಎಂದು ಗದರಿದರು ಅಪ್ಪ. ಗದರಿಕೆಯೊಳಗೆ ಅವರದೂ ನಗುವಿತ್ತು.

ಅದು ೧೯೫೮. ಬಂಗಾರಪೇಟೆಯ ಬಜಾರು ಬೀದಿಯಲ್ಲಿ ಟೈಲರ್ ಶ್ರೀನಿವಾಸಪ್ಪನವರ ಅಂಗಡಿ ಅಂದರೆ ಎಲ್ಲರಿಗೂ ಗೊತ್ತು. ಅವರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಗಿರಾಕಿಗಳ ಜೊತೆ ಮಾತಾಡುವುದು, ಅಳತೆಯ ಟೇಪು ಹಿಡಿಯುವುದು ಅವರ ಕೆಲಸ. ಕತ್ತರಿ, ಮಿಷನ್ನು, ಕಾಜ, ಗುಂಡಿ ಎಲ್ಲವೂ ಪರದೆಯ ಹಿಂದೆ ಇಪ್ಪತ್ತೆರಡು ವರ್ಷದ ಮಗಳದ್ದು. ಊರಿಗೆ ಇದು ತಿಳಿದಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಬಂದವನ ಹೆಸರು ಕೋದಂಡಪ್ಪ. ಬೇತಮಂಗಲದ ರೈತರ ಮನೆಯವನು, ಊರಿಗಾಂ ಚಿನ್ನದ ಗಣಿಯಲ್ಲಿ ಕಂತ್ರಾಟು ಕೂಲಿ. ಮಧ್ಯಾಹ್ನ ಎರಡಕ್ಕೆ ಕೆಲಸಕ್ಕೆ ಇಳಿಯುವ ಸೆಕೆಂಡ್ ಶಿಫ್ಟು. ಪರ್ಮನೆಂಟ್ ನೌಕರರಿಗೆ ಇಲಾಖೆಗೊಂದು ಫುಟ್‌ಬಾಲ್ ಟೀಮಿತ್ತು. ಕಂತ್ರಾಟಿನವರನ್ನು ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ಸೇರಿಸಿಕೊಂಡರೂ ಮ್ಯಾಚು ನಡೆಯುವುದು ಸಂಜೆ ನಾಲ್ಕೂವರೆಗೆ. ಆಡಿದ ದಿನ ಕೂಲಿಯಿಲ್ಲ.

"ನಮ್ಮ ಹಳೇ ಫೋರ್‌ಮನ್ ಒಬ್ರು ಆಸ್ಟ್ರೇಲಿಯಾಕ್ಕೆ ಓಗಿ ನೆಲೆಸವ್ರೆ," ಎಂದ ಕೋದಂಡಪ್ಪ. ಶ್ರೀನಿವಾಸಪ್ಪನವರಿಗೇ ಹೇಳುತ್ತಿದ್ದ, ಕಣ್ಣು ಮಾತ್ರ ಪರದೆಯ ಮೇಲೆ. "ಕಾಗ್ದ ಬರ್ದಿದ್ರು. ಅಲ್ಲಿ ಬೇರೆ ಬೇರೆ ದೇಶದಿಂದ ಬಂದ ಕೆಲಸದೋರೇ ಸೇರ್ಕೊಂಡು ಕ್ಲಬ್ ಕಟ್ಟವ್ರಂತೆ. ಆಡೋರಿಗೆ ಕ್ಲಬ್ಬೇ ದುಡ್ಡು ಕೊಡುತ್ತಂತೆ. ನಾವ್ಯಾಕೆ ಕಟ್ಬಾರ್ದು ಅಂದ್ಕೊಂಡ್ವಿ. ಆಡಿದ ದಿನದ ಕೂಲಿ ಕ್ಲಬ್ಬು ಕೊಡ್ಬೇಕು. ಅಂಗಡಿಯೋರು ಒಂದಿಷ್ಟು ಜನ ಒಪ್ಪವ್ರೆ."

"ಅಳತೆ?" ಎಂದರು ಶ್ರೀನಿವಾಸಪ್ಪ.

"ಎಲ್ರೂ ಮಲಗವ್ರೆ, ಶಿಫ್ಟ್ ಮುಗ್ಸಿ. ನಾನೇ ಯೋಳ್ತೀನಿ, ಬರ್ಕೊಳ್ಳಿ. ಆದಿನಾರಾಯಣ ನನಗಿಂತ ನಾಲ್ಕು ಬೆರಳು ಕುಳ್ಳ. ಕುಪ್ಪುಸ್ವಾಮಿಗೆ ಹೊಟ್ಟೆ ಐತೆ, ಆದ್ರೆ ಐತೆ ಅಂದ್ರೆ ಕೋಪ. ಗೋಲ್‌ಕೀಪರ್ ಪೆರುಮಾಳ್ ನಿಮ್ಮ ಬಾಗ್ಲಷ್ಟು."

"ಬಾಗ್ಲಿಗೆ ತೋಳಿಲ್ಲ. ತೋಳಿನಳತೆ ಯೋಳಿ," ಎಂದಿತು ಪರದೆ.

ಆ ದಿನ ಅವನು ವಾಪಸ್ಸು ಹೋಗುವ ಹತ್ತು ಗಂಟೆಯ ಟ್ರೈನು ತಪ್ಪಿಸಿಕೊಂಡ.

ಮುಂದಿನ ಒಂದು ತಿಂಗಳು ಕೋದಂಡಪ್ಪ ವಾರಕ್ಕೆ ಎರಡು ಸಲ ಬೆಳಗಿನ ಟ್ರೈನಿಗೆ ಬಂದ. ಕಾವಿ ಅಂಗಿಗಳಿಗೆ ರತ್ನ ಅಂಗಡಿಯಲ್ಲಿ ಉಳಿದಿದ್ದ ಬೇರೆ ಬಟ್ಟೆಯ ತುಂಡುಗಳಿಂದ ಕಡುಹಸಿರು ಕಾಲರು ಕೂರಿಸಿದ್ದಳು, ಎದೆಯ ಮೇಲೆ ಅಡ್ಡ ಪಟ್ಟಿ ಎಳೆದಿದ್ದಳು. ಸನ್ಯಾಸಿಗಳ ಗುಂಪು ಈಗ ನಿಜವಾಗಿಯೂ ಒಂದು ಟೀಮಿನಂತೆ ಕಾಣುತ್ತಿತ್ತು. ಆದರೂ ಪ್ರತಿ ಸಲ ಒಂದು ಅಂಗಿ ರಿಪೇರಿಗೆ ಬರುತ್ತಿತ್ತು. ಒಮ್ಮೆ ತೋಳು ಬಿಚ್ಚಿದೆ, ಒಮ್ಮೆ ಕಾಲರು.

ಮೂರನೆಯ ಸಲ ಅವಳು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಆಟದಲ್ಲಿ ಕಿತ್ತಿಲ್ಲ. ಯಾರೋ ಕೂತ್ಕೊಂಡು, ತಾಳ್ಮೆಯಿಂದ, ಉಗುರಲ್ಲಿ ಒಂದೊಂದೇ ದಾರ ಬಿಚ್ಚವ್ರೆ."

ಕೋದಂಡಪ್ಪ ತನ್ನ ಉಗುರುಗಳನ್ನು ಮಡಚಿ ಅಂಗೈಯೊಳಗೆ ಬಚ್ಚಿಟ್ಟುಕೊಂಡ. "ಇಲಿ ಇರ್ಬೇಕು."

"ಊರಿಗಾಂ ಇಲಿಗಳು ಬಲೇ ಜಾಣ. ಬಟ್ಟೆಗೆ ಒಂಚೂರೂ ಗಾಯ ಮಾಡಿಲ್ಲ."

ಅವನು ತಲೆತಗ್ಗಿಸಿದ. ಕಿವಿಯ ತುದಿ ಕೆಂಪಗಾಯಿತು. ಆ ಕೆಂಪನ್ನು ನೋಡುತ್ತ ಅವಳು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು. ನೋವಾಗಿದ್ದು ತಿಳಿದದ್ದು ಅವನು ಹೊರಟುಹೋದ ಮೇಲೆ.

ಕ್ಲಬ್ಬಿಗೆ ಹೆಸರಿಟ್ಟವಳೂ ಅವಳೇ. ಗಣಿಯ ಫುಟ್‌ಬಾಲ್ ಲೀಗಿನವರು ಕೊಟ್ಟ ಫಾರಂ ತುಂಬಿ ಕೊಡಲು ಎರಡು ದಿನ ಉಳಿದಿತ್ತು. ತಮಿಳು ಮಾತಾಡುವವರು ಒಂದು ಹೆಸರು ಹೇಳಿದರೆ ತೆಲುಗಿನವರು ಒಪ್ಪರು. ತೆಲುಗಿನವರದ್ದಕ್ಕೆ ಕನ್ನಡದವರು ಮುಖ ತಿರುಗಿಸುತ್ತಾರೆ. ಕ್ಲಬ್ಬು ಹುಟ್ಟುವ ಮೊದಲೇ ಒಡೆಯುವಂತಿದೆ ಎಂದು ಕೋದಂಡಪ್ಪ ಪೆಚ್ಚಾಗಿ ಕೂತಿದ್ದ.

"ಮೂರು ಭಾಷೇಲೂ ನೀವೆಲ್ಲ ಒಂದೇ ತರ ಅನ್ನೋ ಮಾತು ಯಾವ್ದೈತೆ?" ಎಂದು ಕೇಳಿದಳು ರತ್ನ.

ಅವನು ಬಹಳ ಹೊತ್ತು ಯೋಚಿಸಿದ. "ಶಿಫ್ಟು."

"ಅದೇ ಇಡಿ ಮತ್ತೆ. ಸೆಕೆಂಡ್ ಶಿಫ್ಟ್ ಕ್ಲಬ್ಬು."

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ತಮಾಷೆಯಿರಲಿಲ್ಲ. ರತ್ನ ಮಿಷನ್ನಿನ ಚಕ್ರ ತಿರುಗಿಸಿದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಬಜಾರು ಬೀದಿಗೆ ಕಣ್ಣು ಚುರುಕು. ಎದುರಿನ ಟೀ ಅಂಗಡಿಯವರು ಏನೋ ಅಂದದ್ದು ಶ್ರೀನಿವಾಸಪ್ಪನವರ ಕಿವಿಗೆ ಬಿತ್ತು. ಮುಂದಿನ ಸಲ ಕೋದಂಡಪ್ಪ ಬಂದಾಗ ಅವರು ಟೇಪನ್ನು ಕೊರಳಿಂದ ತೆಗೆದು ಪಕ್ಕಕ್ಕಿಟ್ಟರು.

"ನೋಡಪ್ಪಾ, ನೀನು ಒಳ್ಳೇ ಹುಡುಗ, ಅದಕ್ಕೇ ನೇರ ಯೋಳ್ತೀನಿ. ಕಂತ್ರಾಟಿನೋನಿಗೆ ನಾನು ಹೆಣ್ಣು ಕೊಡಲ್ಲ. ಇವತ್ತು ಕೆಲ್ಸ ಇರುತ್ತೆ, ನಾಳೆ ಗೇಟಲ್ಲಿ ನಿಲ್ಲಿಸಿ ಓಗು ಅಂತಾರೆ. ಪರ್ಮನೆಂಟ್ ಆಗು, ಆಮೇಲೆ ಬಾ."

ಪರದೆಯ ಹಿಂದೆ ಮಿಷನ್ನು ನಿಂತುಹೋಯಿತು. ಕೋದಂಡಪ್ಪ "ಸರಿ ಯಜಮಾನ್ರೇ" ಎಂದಷ್ಟೇ ಹೇಳಿ ಇಳಿದುಹೋದ.

ಹತ್ತು ದಿನದ ಮೇಲೆ ಬಂದ. ಶ್ರೀನಿವಾಸಪ್ಪ ಟೀ ಕುಡಿಯಲು ಹೋಗಿದ್ದರು. ಕೈಯಲ್ಲಿ ಅಂಗಿ ಇರಲಿಲ್ಲ.

"ರತ್ನಾ, ನಂಗೆ ಪರ್ಮನೆಂಟ್ ಆಗ್ತೈತೆ."

ಅವಳು ಪರದೆ ಸರಿಸಿ ಎದ್ದು ನಿಂತಳು. ಗಣಿಯವರು ಕೊಡುವ ಲೈನ್ ಮನೆ, ನಲ್ಲಿ ನೀರು, ಕಿಟಕಿಯ ಪಕ್ಕ ಒಂದು ಮಿಷನ್ನು, ಸಂಜೆ ಬಾಗಿಲಲ್ಲಿ ಇವನು. ಒಂದು ಉಸಿರಿನಷ್ಟು ಹೊತ್ತಿನಲ್ಲಿ ಎಲ್ಲವನ್ನೂ ಕಂಡುಬಿಟ್ಟಳು.

"ಎಂಗೆ?"

"ಒಂದು ಇಲಾಖೆ ಟೀಮಿನೋರು ನಮ್ಮ ಪ್ರಾಕ್ಟೀಸ್ ನೋಡಿದ್ರು. ಅವ್ರ ಕಡೆ ಆಡಿದ್ರೆ ಕೆಲ್ಸ, ಮನೆ ಎಲ್ಲಾ ಕೊಡ್ತಾರಂತೆ. ಲೀಗ್ ಶುರುವಾಗೋ ಮೊದ್ಲು ಸೈನ್ ಮಾಡ್ಬೇಕು."

"ನಿಮ್ಮ ಕ್ಲಬ್ಬು?"

"ಬೇರೆ ಯಾರ್ನಾದ್ರೂ ನೋಡ್ಕೋತಾರೆ."

"ಪೆರುಮಾಳಣ್ಣನಿಗೆ ಯೋಳಿದ್ರಾ?"

ಅವನು ಹಲಗೆಯ ಮೇಲಿನ ಸೀಮೆಸುಣ್ಣದ ತುಂಡನ್ನು ಎತ್ತಿದ, ಮತ್ತೆ ಅಲ್ಲೇ ಇಟ್ಟ. "ಇಲ್ಲ."

"ಅವ್ರಿಗೆ ಯೋಳೋಕೆ ಆಗದ ಮಾತನ್ನ ನನಗೆ ಸಂತೋಷದ ಸುದ್ದಿ ಅಂತ ತಂದಿದ್ದೀರಾ?"

"ನಿನಗೋಸ್ಕರ ಕಣೇ ಇದೆಲ್ಲ!"

"ಬ್ಯಾಡ. ಅದಕ್ಕೆ ನನ್ನ ಹೆಸರು ಹಾಕ್ಬೇಡಿ." ಅವಳು ಸೀಮೆಸುಣ್ಣವನ್ನು ಅವನ ಮುಂದಿನಿಂದ ಎಳೆದುಕೊಂಡಳು. "ಆಡಿದ ದಿನ ಯಾರ ಮನೇಲೂ ಒಲೆ ಆರಬಾರ್ದು ಅಂತ ಕ್ಲಬ್ ಕಟ್ಟಿದೋರು ನೀವು. ನಾಳೆ ಆ ಹತ್ತು ಜನ ನಮ್ಮ ಮದುವೆಗೆ ಬಂದು ನನ್ನ ಮುಖ ನೋಡಿ ಏನಂದ್ಕೋತಾರೆ?"

"ಮದುವೆಯೇ ಆಗ್ದೆ ಓದ್ರೆ? ನಿಮ್ಮಪ್ಪ ಅಂದಿದ್ದು ಕೇಳಿಸ್ಲಿಲ್ವಾ ನಿಂಗೆ? ನೀನಾದ್ರೂ ಅವ್ರಿಗೆ ಒಂದು ಮಾತು ಅಂದ್ಯಾ?"

ಅವಳು ಅಪ್ಪನಿಗೆ ಏನೂ ಅಂದಿರಲಿಲ್ಲ, ನಿಜ. ಅವನು ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ನಡೆದ. ಬೀದಿಯ ಜನದ ನಡುವೆ ಅವನ ಬಿಳಿ ಅಂಗಿ ಮರೆಯಾಗುವ ತನಕ ಅವಳು ಪರದೆಯ ಹೊರಗೇ ನಿಂತಿದ್ದಳು. ಯಾರು ನೋಡಿದರೂ ನೋಡಲಿ ಅನ್ನಿಸಿತ್ತು.

ಒಂದು ವಾರ ಅವನಿಲ್ಲ. ಕೊನೆಯ ಎರಡು ಅಂಗಿ ಒಯ್ಯಲು ಪೆರುಮಾಳ್ ಬಂದ. ನಿಜವಾಗಿಯೂ ಬಾಗಿಲಷ್ಟಿದ್ದ.

"ನಾಳಿದ್ದು ಮೊದಲನೇ ಮ್ಯಾಚು, ತಂಗಚ್ಚಿ. ಅಪ್ಪನ್ನ ಕರ್ಕೊಂಡು ಬಾ."

"ಅವ್ರು ಆಡ್ತಾರಾ?"

"ಅವ್ರು ಅಂದ್ರೆ ಯಾರು?" ಎಂದು ಪೆರುಮಾಳ್ ನಕ್ಕ. ಆಮೇಲೆ ನಗು ಇಳಿಯಿತು. "ಒಂದು ವಾರದಿಂದ ಗ್ರೌಂಡಿಗೇ ಬಂದಿಲ್ಲ. ಶಿಫ್ಟಿಗೂ ಬಂದಿಲ್ಲ. ಬೇತಮಂಗಲಕ್ಕೆ ಅಮ್ಮನ ಹತ್ರ ಓಗವ್ನೆ ಅಂತಾರೆ."

ಪಂದ್ಯದ ದಿನ ಅಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ತಮ್ಮ ಅಂಗಡಿಯ ಅಂಗಿಗಳನ್ನು ಜನ ಏನನ್ನುತ್ತಾರೆ ಎಂದು ಕೇಳುವ ಆಸೆ ಅವರಿಗಿತ್ತು. ಇಬ್ಬರೂ ಟ್ರೈನಿನಲ್ಲಿ ಊರಿಗಾಂಗೆ ಬಂದರು. ಗಣಿಯ ಬೂದು ಮಣ್ಣಿನ ದಿಬ್ಬಗಳ ಕೆಳಗೆ ಮೈದಾನ. ಕೆಲಸದವರ ಮನೆಮಂದಿಯೆಲ್ಲ ಬಂದು ಕೂತಿದ್ದರು. ಎದುರಾಳಿ ಕೋದಂಡಪ್ಪನನ್ನು ಕರೆದಿದ್ದ ಆ ಇಲಾಖೆಯ ಟೀಮೇ. ಅವರು ನೀಲಿ ಅಂಗಿಯಲ್ಲಿ ಮೊದಲು ಇಳಿದರು. ರತ್ನ ಒಂದೊಂದೇ ಮುಖ ನೋಡಿದಳು. ಹನ್ನೊಂದರಲ್ಲಿ ಅವನಿಲ್ಲ. ಆದರೆ ಕಾವಿಯಲ್ಲೂ ಇರದಿದ್ದರೆ?

ಕಾವಿ ಅಂಗಿಗಳು ಬಂದವು. ಪೆರುಮಾಳ್, ಹೊಟ್ಟೆ ಒಳಗೆಳೆದುಕೊಂಡ ಕುಪ್ಪುಸ್ವಾಮಿ, ಆದಿನಾರಾಯಣ... ಎಲ್ಲರ ಹಿಂದೆ, ತಲೆತಗ್ಗಿಸಿಕೊಂಡು, ಕಾಲರು ಸರಿಮಾಡಿಕೊಳ್ಳುತ್ತ ಕೋದಂಡಪ್ಪ.

"ಏನಾಯ್ತಮ್ಮಿ, ನನ್ನ ಕೈ ಯಾಕಂಗೆ ಹಿಚುಕ್ತೀಯ?" ಎಂದರು ಶ್ರೀನಿವಾಸಪ್ಪ. "ಆಟ ಶುರುವಾಯ್ತಾ? ನಂಗೇನೂ ಕಾಣ್ತಿಲ್ಲ. ಏನ್ ನಡೀತೈತೆ ಯೋಳು."

ಅವಳು ಹೇಳತೊಡಗಿದಳು. "ಕೋದಂಡಪ್ಪ ಚೆಂಡು ತಗೊಂಡ್ರು ನಾಯ್ನಾ. ಓಡ್ತಾವ್ರೆ. ಅಯ್ಯೋ ಬಿದ್ರು. ಎದ್ರು. ಮೊಣಕಾಲು ಉಜ್ಕೋತಾವ್ರೆ. ಈಗ ನಿಂತವ್ರೆ. ಮುಖ ಒರೆಸ್ಕೊಂಡ್ರು."

ಸ್ವಲ್ಪ ಹೊತ್ತು ಕೇಳಿದ ಮೇಲೆ ಶ್ರೀನಿವಾಸಪ್ಪ ನಿಧಾನವಾಗಿ ಕೇಳಿದರು, "ಮಿಕ್ಕ ಇಪ್ಪತ್ತೊಂದು ಜನ ಮನೆಗೆ ಓದ್ರೇನಮ್ಮಿ?"

ರತ್ನ ಅಪ್ಪನ ಕೈ ಬಿಟ್ಟಳು. ಮೈದಾನದಲ್ಲಿ ಜನ ಕೂಗುತ್ತಿದ್ದರು.

"ಪರ್ಮನೆಂಟ್ ಕೆಲ್ಸ ಬ್ಯಾಡ ಅಂದು ಬಂದವ್ನಂತೆ. ಪಕ್ಕದಲ್ಲಿ ಮಾತಾಡ್ಕೋತಾವ್ರೆ," ಎಂದರು ಅಪ್ಪ. "ಬಂದ ಕೆಲ್ಸಾನೇ ಬಿಟ್ಟೋನು, ನಾಳೆ ನಿನ್ನ ಬಿಟ್ರೆ?"

"ಹತ್ತು ಜನಾನ ಬಿಡೋಕಾಗದೋರು ನನ್ನ ಬಿಡ್ತಾರಾ?" ಅವಳು ಉಸಿರು ಎಳೆದುಕೊಂಡಳು. ಆ ದಿನ ಆಡಬೇಕಿದ್ದ ಮಾತು ಈಗ ತಾನಾಗಿ ಬಂತು. "ನಾಯ್ನಾ, ಎರಡು ವರ್ಷದಿಂದ ನಮ್ಮ ಮನೆ ನಡೀತಿರೋದು ಯಾವ ಪರ್ಮನೆಂಟ್ ಕೆಲ್ಸದಲ್ಲಿ? ನಾನು ಹೊಲೀತೀನಿ, ನಾವು ಉಣ್ತೀವಿ. ಅವ್ರ ಕೆಲ್ಸ ಓದ ದಿನವೂ ನಾನು ಹೊಲೀತೀನಿ. ನಂಗೆ ಅವ್ರೇ ಬೇಕು."

ಶ್ರೀನಿವಾಸಪ್ಪ ಮೈದಾನದ ಕಡೆ ಮುಖ ಮಾಡಿದರು. "ಆಮೇಲೇನಾಯ್ತು, ಯೋಳು," ಎಂದರು. "ಚೆಂಡು ಈಗ ಎಲ್ಲೈತೆ?"

ಕೋದಂಡಪ್ಪ ಕೊಟ್ಟ ಚೆಂಡಿಗೆ ಆದಿನಾರಾಯಣ ಗೋಲು ಹೊಡೆದ. ನೀಲಿಯವರು ಎರಡು ಹೊಡೆದರು. ಆಟ ಮುಗಿದಾಗ ರತ್ನ "ಸೋತ್ವಿ ನಾಯ್ನಾ" ಎಂದಳು. ಸೋತವರನ್ನು ಜನ ಹೆಗಲ ಮೇಲೆ ಹೊತ್ತು ಕುಣಿಸುತ್ತಿದ್ದರು. ಸೆಕೆಂಡ್ ಶಿಫ್ಟಿನವರಿಗೆ ಕೂಲಿ ಕಟ್ಟಾಗದೆ ಆಡಿದ ಮೊದಲ ಸಂಜೆ ಅದು.

ಊರಿಗಾಂ ಸ್ಟೇಷನ್ನಿಗೆ ಅವನು ಓಡಿಬಂದ. ಟ್ರೈನು ನಿಂತಿತ್ತು. ತಂದೆ ಮಗಳು ಹತ್ತಿ ಕೂತಿದ್ದರು.

"ಓಗ್ಬರ್ತೀವಿ," ಎಂದಳು ರತ್ನ ಕಿಟಕಿಯಿಂದ.

"ಓಗ್ಬನ್ನಿ," ಎಂದ ಅವನು.

ಟ್ರೈನು ಹೊರಡಲಿಲ್ಲ. ಹೋಗಿಬರುವ ಮಾತು ಮುಗಿದುಹೋಗಿತ್ತು, ಐದು ನಿಮಿಷ ಕಳೆದರೂ ಇಬ್ಬರೂ ಹಾಗೇ ಇದ್ದರು. ಶ್ರೀನಿವಾಸಪ್ಪ ಕೆಮ್ಮಿ, ಎದುರಿನ ಕಿಟಕಿಗೆ ಸರಿದು ಕೂತರು.

"ನಾನು ಆ ಕಡೆ ನೋಡ್ತಿರ್ತೀನಿ. ಈ ಕಡೆ ನೋಡಿದ್ರೂ ಕಾಣಲ್ಲ, ಆದ್ರೂ ಮರ್ಯಾದೆ ಅಂತ ಒಂದೈತಲ್ಲ."

ಕೋದಂಡಪ್ಪ ಕಿಟಕಿಯ ಸರಳು ಹಿಡಿದುಕೊಂಡ. "ಸೈನ್ ಮಾಡೋಕೆ ಓಗಿದ್ದೆ, ರತ್ನಾ. ಹಿಂದಿನ ಕ್ಲಬ್ಬು ಯಾವ್ದು, ಬರೀರಿ ಅಂದ್ರು. ಬರ್ದೆ. ಬಿಟ್ಟಿದ್ದೀನಿ ಅಂತ ಪಕ್ಕದಲ್ಲಿ ಬರೀಬೇಕಿತ್ತು. ಕೈ ಏಳ್ಲಿಲ್ಲ. ಅಲ್ಲಿಂದ ನೇರ ಅಮ್ಮನ ಹತ್ರ ಓದೆ. ಒಬ್ಳನ್ನ ಕಳ್ಕೊಂಡು ಬಂದೆ ಅಂದೆ."

"ಅಮ್ಮ ಏನಂದ್ರು?"

"ಅವಳನ್ನ ಒಂದು ಮಾತೂ ಕೇಳ್ದೆ, ಕಳ್ಕೊಂಡೆ ಅಂತ ನೀನೇ ಎಂಗೆ ತೀರ್ಮಾನ ಮಾಡ್ದೆ ಅಂತ ಬೈದ್ರು." ಅವನು ತಡವರಿಸಿದ. "ನಂಗೆ ಲೈನ್ ಮನೆ ಇಲ್ಲ. ಕೆಲ್ಸ ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಕ್ಲಬ್ಬು ಗೆಲ್ಲುತ್ತೋ ಇಲ್ವೋ ಅದೂ ಗೊತ್ತಿಲ್ಲ."

"ಈ ಮೂರೂ ನಂಗೆ ಗೊತ್ತು. ನಾಲ್ಕನೇದು ಯೋಳಿ."

"ನಾಲ್ಕನೇದ್ಯಾವ್ದು?"

"ಇಷ್ಟು ದಿನದಿಂದ ಯೋಳ್ದೇ ಇಟ್ಕೊಂಡಿದ್ದೀರಲ್ಲ, ಅದು."

ಅವನು ಬಾಯಿ ತೆರೆದ. ಅದೇ ಗಳಿಗೆಗೆ ಗಾರ್ಡು ಸೀಟಿ ಊದಿದ, ಎಂಜಿನ್ನು ಕೂಗಿತು. ತುಟಿಗಳ ಚಲನೆಯಲ್ಲೇ ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ಆದರೂ ಕಿವಿಗೆ ಕೈಯಿಟ್ಟು, "ಏನಂದ್ರಿ? ಕೇಳಿಸ್ಲಿಲ್ಲ!" ಎಂದಳು.

"ನೀನಂದ್ರೆ ನಂಗೆ ಪ್ರಾಣ ಅಂದೆ!" ಎಂದು ಅವನು ಕೂಗಿಬಿಟ್ಟ.

ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರತ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತಲೇ, ಸರಳಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಗಾಲಿಗಳು ಕದಲಿದವು.

"ಬಂಗಾರಪೇಟೆ ತನಕ ಎಲ್ಲಾ ಡಬ್ಬಿಗೂ ಕೇಳಿಸ್ತು ಕಣಪ್ಪಾ," ಎಂದರು ಶ್ರೀನಿವಾಸಪ್ಪ, ಆ ಕಡೆ ನೋಡುತ್ತಲೇ. "ಶುಕ್ರವಾರ ನಿಮ್ಮಮ್ಮನ್ನ ಕರ್ಕೊಂಡು ಮನೆಗೆ ಬಾ."