ಎದುರು ಮಾತಾಡುವ ಮಣ್ಣಾಳು

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮಗೆ ಬೇಕಾದ ಕಡೆ ಎದ್ದು ಹೋಗಿ ಕೂರುತ್ತಿದ್ದ ಕಾಲದಲ್ಲಿ, ಹಾಲಗುಂದ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಕೆಂಚವ್ವ ಎಂಬುವಳಿದ್ದಳು. ರಾಜನ ಮಗಳಲ್ಲ, ಮಂತ್ರಿಯ ಮಗಳಲ್ಲ. ಒಂದು ಮನೆಯ ಸೊಸೆ, ಅಷ್ಟೇ.

ಮದುವೆಯಾಗಿ ಹೊಸ್ತಿಲು ದಾಟಿದ ದಿನವೇ ಅತ್ತೆ ಗಂಗಾಜವ್ವ ಅವಳನ್ನು ಒಲೆಯ ಮುಂದೆ ಕೂರಿಸಿ ಮೂರು ಕಟ್ಟಳೆ ಹೇಳಿದ್ದಳು.

"ನೋಡವ್ವ, ಈ ಮನೇಲಿ ಎದುರು ಮಾತಿಲ್ಲ. ಏನು, ಯಾಕೆ ಅಂತ ಕೇಳೋದಿಲ್ಲ. ಬಂದವರ ಮುಂದೆ ಬಾಯಿ ಬಿಡೋದಿಲ್ಲ. ಇಷ್ಟು ಮಾಡಿದ್ರೆ ನೀನು ನನ್ನ ಮಗಳಿದ್ದ ಹಾಗೆ."

ಗಂಗಾಜವ್ವನ ಸ್ವಂತ ಮಗಳು ಬಾಯಿ ತೆರೆದರೆ ಪಕ್ಕದ ಊರಿನ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಅದು ಬೇರೆ ವಿಷಯ.

ಕೆಂಚವ್ವ ಕಟ್ಟಳೆಗಳನ್ನು ಪಾಲಿಸಿದಳು. ಅವಳಿಗೊಂದು ಹೆಣ್ಣು ಕೂಸು ಹುಟ್ಟಿತು. ಚಿಗರಿ ಎಂದು ಹೆಸರಿಟ್ಟರು. ಕೂಸು ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುವ ಹೊತ್ತಿಗೆ, ಬೇಟೆಗೆ ಹೋದ ರಾಜಕುಮಾರ ಕಾಣೆಯಾದ. ಅವನನ್ನು ಹುಡುಕಲು ರಾಜ ರಾಜ್ಯದ ಗಂಡಸರನ್ನೆಲ್ಲ ದಿಕ್ಕುದಿಕ್ಕಿಗೆ ಅಟ್ಟಿದ. ಕೆಂಚವ್ವನ ಗಂಡ ಮಲ್ಲುಗನೂ ಹೋದ. ರಾಜನ ಮಗ ಕಳೆದರೆ ಹಾಗೆ, ಲೋಕವೇ ಹುಡುಕುತ್ತದೆ.

ಒಂದು ಮಧ್ಯಾಹ್ನ ಅವರ ಮನೆಯ ಮುಂದೆ ಒಬ್ಬ ಬಳೆಗಾರ ಬಂದು ಬಳೆಯ ಮಲಾರ ಇಳಿಸಿದ. ಗಂಗಾಜವ್ವನನ್ನೂ ಕೆಂಚವ್ವನನ್ನೂ ನೋಡಿ, "ಇಬ್ಬರೂ ಅಕ್ಕತಂಗಿಯರಾ?" ಎಂದು ಕೇಳಿದ. ಗಂಗಾಜವ್ವನ ಮುಖ ಅರಳಿತು. "ಹೋಗಪ್ಪ, ಇವಳು ಸೊಸೆ!" ಎಂದು ನಕ್ಕು, ಅವನಿಗೆ ಮಜ್ಜಿಗೆ ಕೊಟ್ಟಳು. ಕೂಸಿನ ಕೈ ಅಳತೆ ನೋಡಬೇಕು ಎಂದ. ಅತ್ತೆ ಕೂಸನ್ನೇ ಅವನ ತೊಡೆಯ ಮೇಲೆ ಕೂರಿಸಿದಳು.

ಕೆಂಚವ್ವ ಬಾಗಿಲ ಮರೆಯಲ್ಲಿ ಹಿತ್ತಾಳೆ ಕೊಡ ಬೆಳಗುತ್ತಿದ್ದಳು. ಅಂಗಳದಲ್ಲಿ ಬಳೆಗಾರನ ನೆರಳು ಬಿದ್ದಿತ್ತು. ಆ ನೆರಳಿಗೆ ತಲೆ ಇರಲಿಲ್ಲ. ಬಾಯಿ ತೆರೆದಳು. ಅತ್ತೆ ತಿರುಗಿ ನೋಡಿದಳು. ಕೆಂಚವ್ವ ಬಾಯಿ ಮುಚ್ಚಿದಳು. ಕೊಡದಲ್ಲಿ ತನ್ನದೇ ಮುಖ ಕಂಡಿತು: ಕಣ್ಣಿನಲ್ಲಿ ಎಲ್ಲ ಇತ್ತು, ತುಟಿ ಮಾತ್ರ ಬಿಗಿದುಕೊಂಡಿತ್ತು.

ಅಷ್ಟರಲ್ಲಿ ಬಳೆಗಾರ ಹದ್ದಾಗಿ, ಕೂಸನ್ನು ಕಾಲಲ್ಲಿ ಎತ್ತಿಕೊಂಡು ಹಾರಿಹೋದ.

"ಅಯ್ಯಯ್ಯೋ! ನಿಂಗೇನೂ ಕಾಣಲಿಲ್ವೇನೇ?" ಎಂದು ಗಂಗಾಜವ್ವ ಎದೆ ಬಡಿದುಕೊಂಡಳು.

"ಕಾಣಿಸ್ತು ಅತ್ತೆ. ಅವನ ನೆರಳಿಗೆ ತಲೆ ಇರಲಿಲ್ಲ."

"ಮತ್ತೆ ನಿನ್ನ ಬಾಯಿಗೇನಾಗಿತ್ತು?"

"ನೀವೇ ಹೊಲಿದಿದ್ರಿ" ಎಂದಳು ಕೆಂಚವ್ವ. ಸೆರಗು ಬಿಗಿದು ಮನೆಯಿಂದ ಇಳಿದೇಬಿಟ್ಟಳು.

ಆ ಹದ್ದು ಜಡೆಮಾರನೆಂಬ ಮಾಂತ್ರಿಕ. ಕಾಡಿನಾಚೆ, ನದಿಯಾಚೆ, ಉಪ್ಪಿನ ಕೋಟೆಯಲ್ಲಿ ಅವನ ವಾಸ. ಅವನ ಪ್ರಾಣ ಒಂದು ದೀಪದಲ್ಲಿತ್ತು. ಆ ದೀಪಕ್ಕೆ ಎಣ್ಣೆ ಹಾಕುವಂತಿರಲಿಲ್ಲ. ಅಮಾವಾಸ್ಯೆಯ ದಿನ ಒಂದು ಕೂಸಿನ ಉಸಿರನ್ನು ಹುಯ್ಯಬೇಕಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ಅಮಾವಾಸ್ಯೆ ಹತ್ತಿರದಲ್ಲಿತ್ತು.

ಕಾಡಿನ ಅಂಚಿನಲ್ಲಿ ಮೂರು ಮಣ್ಣಿನ ಗುಡ್ಡೆಗಳ ಪಕ್ಕ ಒಬ್ಬ ಆಳು ಕೂತಿದ್ದ. ತಲೆಯಿಂದ ಕಾಲಿನವರೆಗೂ ಮಣ್ಣಿನವನು. ಕೆಂಚವ್ವನನ್ನು ಕಂಡು ಎದ್ದು ಕೈಮುಗಿದ.

"ತಾಯಿ, ನಾನು ಮಣ್ಣಾಳು. ಜಡೆಮಾರ ಮಾಡಿ ಮಾರಿದ ಆಳು. ನೋಡಲು ನನಗೆ ಕಣ್ಣುಂಟು, ತಿಳಿಯಲು ಬುದ್ಧಿಯುಂಟು. ಒಡೆಯರು ಹಾಕಿದ ಕಟ್ಟಳೆಯಂತೆ ನಡೆಯುತ್ತೇನೆ. ಈಗ ನನಗೆ ಒಡೆಯರಿಲ್ಲ."

"ಇದ್ದವರು ಎಲ್ಲಿ?"

"ಇಲ್ಲೇ" ಎಂದು ಗುಡ್ಡೆಗಳನ್ನು ತೋರಿಸಿದ. "ಮೊದಲನೆಯವರು ಎದುರು ಮಾತಾಡಬೇಡ ಎಂದಿದ್ದರು. ನದಿ ಉಕ್ಕಿದಾಗ ಹೊತ್ತು ದಾಟಿಸು ಎಂದರು. ಮುಳುಗುತ್ತಾರೆಂದು ನನಗೆ ಗೊತ್ತಿತ್ತು. ಹೊತ್ತೆ. ಎರಡನೆಯವರು ಹಿತವಾದ ಮಾತನ್ನೇ ಆಡು ಎಂದಿದ್ದರು. ಅಣಬೆ ತೋರಿಸಿ ಒಳ್ಳೆಯದಾ ಎಂದು ಕೇಳಿದರು. ಬಹಳ ಒಳ್ಳೆಯದು ಎಂದೆ. ಮೂರನೆಯವರು ಸಾಕು ಎನ್ನುವವರೆಗೆ ಕೈ ನಿಲ್ಲಿಸಬೇಡ ಎಂದಿದ್ದರು. ಚಳಿಗೆ ಬೆಂಕಿ ಹಾಕು ಎಂದು ಮಲಗಿದರು. ಅವರು ಸಾಕು ಎನ್ನಲಿಲ್ಲ."

"ಹೂಳು ಅಂತ ಹೇಳಿದ್ದು ಯಾರು?"

"ಯಾರೂ ಹೇಳಲಿಲ್ಲ ತಾಯಿ. ವಾಸನೆ ಬಂತು."

ಕೆಂಚವ್ವ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಯೋಚಿಸಿದಳು. ಕಟ್ಟಳೆ ಹಾಕಿಸಿಕೊಂಡು ಅವಳಿಗೆ ಅಭ್ಯಾಸವಿತ್ತು, ಹಾಕಿ ಅಭ್ಯಾಸವಿರಲಿಲ್ಲ. ತನಗೆ ಏನೇನು ಹೇಳಿದ್ದರೋ ಅದನ್ನೆಲ್ಲ ತಿರುವಿಹಾಕಿದರೆ ಸರಿಹೋಗಬಹುದು ಎನ್ನಿಸಿತು.

"ಕೇಳು. ನನ್ನ ಕೂಸನ್ನ ತರೋಕೆ ಜಡೆಮಾರನ ಕೋಟೆಗೆ ಹೊರಟಿದೀನಿ, ನೀನೂ ಬಾ. ನಾನು ತಪ್ಪು ದಾರಿ ಹಿಡಿದ್ರೆ ಎದುರು ಮಾತಾಡು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು. ನನಗೆ ಹಿತವಾಗಲಿ ಅಂತ ಕತೆ ಕಟ್ಟಬೇಡ. ಮತ್ತೆ ಸರಿಮಾಡೋಕಾಗದ ಕೆಲಸ ಏನಾದ್ರೂ ಹೇಳಿದ್ರೆ, ಮಾಡೋ ಮುಂಚೆ ನನ್ನ ಕೇಳು. ಸೌದೆ, ನೀರು, ಅದಕ್ಕೆಲ್ಲ ಕೇಳ್ತಾ ಕೂರಬೇಡ. ತಲೆ ಕೆಡ್ತದೆ."

"ಆಗಲಿ ತಾಯಿ. ಈಗಲೇ ಒಂದು ಮಾತು. ನೀವು ಹೊರಟಿರುವ ದಾರಿ ತಪ್ಪು. ಕೋಟೆ ಆ ಕಡೆ."

ಕೆಂಚವ್ವನಿಗೆ ಮೈ ಉರಿಯಿತು. ಆದರೂ ಆ ಕಡೆಗೇ ತಿರುಗಿದಳು.

ನದಿಯ ಕಡವಿನಲ್ಲಿ ಒಂದು ಹುಲಿ ಅಡ್ಡ ಮಲಗಿತ್ತು. ಆನೆಯಷ್ಟು ದೊಡ್ಡದು, ಉಸಿರಾಡಿದರೆ ನೀರು ಹಿಂದಕ್ಕೆ ಹೋಗುತ್ತಿತ್ತು.

"ನಿದ್ದೆಯಲ್ಲಿದೆ. ಬಂಡೆ ಎತ್ತಿ ತಲೆ ಮೇಲೆ ಹಾಕು" ಎಂದಳು ಕೆಂಚವ್ವ.

ಮಣ್ಣಾಳು ಬಂಡೆ ಎತ್ತಿದ. ಎತ್ತಿದವನು ಹಾಗೇ ನಿಂತು ಕೇಳಿದ: "ಸತ್ತರೆ ಮತ್ತೆ ಬದುಕಿಸಲು ನನಗೆ ಬಾರದು. ಹಾಕಲೇ?"

"ಥೂ ನಿನ್ನ! ಹುಲೀನ ಹೊಡೆಯೋಕೂ ಕೇಳಬೇಕಾ?"

"ಕೇಳು ಎಂದಿದ್ದೀರಿ. ಇದರ ಕಿವಿಯಲ್ಲಿ ಕಡಕು ಇದೆ, ಅದನ್ನೂ ಹೇಳಬೇಕೆನ್ನಿಸಿತು."

ಕೆಂಚವ್ವ ಬಗ್ಗಿ ನೋಡಿದಳು. ನಿಜ. ಹುಲಿಯ ಕಿವಿಯಲ್ಲಿ ಅರಮನೆಯವರು ತೊಡುವ ವಜ್ರದ ಕಡಕು ಮಿನುಗುತ್ತಿತ್ತು. ಯಾವ ಹುಲಿ ಕಿವಿ ಚುಚ್ಚಿಸಿಕೊಳ್ಳುತ್ತದೆ? ರಾಜ್ಯದ ಗಂಡಸರೆಲ್ಲ ಹುಡುಕುತ್ತಿದ್ದ ರಾಜಕುಮಾರ ಇಲ್ಲಿ ಮಾಟಕ್ಕೆ ಸಿಕ್ಕಿ ಬಿದ್ದಿದ್ದ. "ಬಂಡೆ ಕೆಳಗಿಡು" ಎಂದಳು. ಹುಲಿ ಕಣ್ಣು ಬಿಟ್ಟು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಅದು ಎದ್ದು, ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ನದಿ ದಾಟಿಸಿತು.

ನದಿಯಾಚೆ ಒಂದು ಕಮರಿ. ಅದರ ತಳದಿಂದ ಕೂಸಿನ ಅಳು ಕೇಳಿತು. ಚಿಗರಿಯದೇ ಅಳು: ಮೊದಲು ಎರಡು ಬಿಕ್ಕು, ಆಮೇಲೆ ಉದ್ದನೆಯ ರಾಗ. ಕೆಂಚವ್ವನ ಎದೆಯಲ್ಲಿ ಹಾಲು ಜಿನುಗಿತು. ಓಡಿದಳು.

"ತಾಯಿ, ಅಲ್ಲಿ ಕೂಸಿಲ್ಲ. ಕಮರಿಯೇ ಅಳುತ್ತಿದೆ."

"ಹೆತ್ತವಳು ನಾನು! ನನಗೆ ಗೊತ್ತಾಗಲ್ವಾ?"

"ಕೆಳಗೆ ನೆಲವೇ ಇಲ್ಲ ತಾಯಿ..."

"ಬಾಯಿ ಮುಚ್ಚು! ಎದುರು ಮಾತಾಡಬೇಡ!"

ಮಣ್ಣಾಳು ಬಾಯಿ ಮುಚ್ಚಿದ.

ಅವಳು ಅಂಚಿಗೆ ಕಾಲಿಟ್ಟಳು. ಒಂದು ಕಲ್ಲು ಜಾರಿ ಕೆಳಗೆ ಹೋಯಿತು. ಅದು ನೆಲ ಮುಟ್ಟಿದ ಸದ್ದು ಬರಲೇ ಇಲ್ಲ. ಕೆಂಚವ್ವ ತಿರುಗಿ ನೋಡಿದಳು. ಮಣ್ಣಾಳಿನ ಕಣ್ಣಿನಲ್ಲಿ ಎಲ್ಲ ಇತ್ತು, ತುಟಿ ಮಾತ್ರ ಬಿಗಿದುಕೊಂಡಿತ್ತು. ಆ ಮುಖದ ಪರಿಚಯ ಅವಳಿಗೆ ಚೆನ್ನಾಗಿತ್ತು. ಅತ್ತೆಯ ಮಾತು ಎಷ್ಟು ಸಲೀಸಾಗಿ ತನ್ನ ಬಾಯಿಂದ ಬಂದುಬಿಟ್ಟಿತ್ತು!

ಕಾಲು ಹಿಂದಕ್ಕೆ ತೆಗೆದಳು. ಹಿಂದಕ್ಕೆ ಬರುತ್ತಿದ್ದಂತೆ ಕಮರಿಯ ಅಳು ಹೋಗಿ ನಗುವಾಯಿತು.

"ಇನ್ನೊಂದು ಕಟ್ಟಳೆ ಕೇಳು" ಎಂದಳು. "ನಾನು ಸಿಟ್ಟಲ್ಲಿ ಬಾಯಿ ಮುಚ್ಚು ಅಂದ್ರೂ, ಜೀವ ಹೋಗೋ ಹೊತ್ತಲ್ಲಿ ಮುಚ್ಚಬೇಡ. ಕೇಳಲಿಲ್ಲ ಅಂದ್ರೆ ಕೈ ಹಿಡಿದು ಎಳಿ."

"ಎಳೆದರೆ ಬೈಯುತ್ತೀರಿ."

"ಬೈತೀನಿ. ಬೈಸ್ಕೋ."

ಉಪ್ಪಿನ ಕೋಟೆಯ ಬಾಗಿಲು ತೆರೆದೇ ಇತ್ತು. ಒಳಗೆ ಜಡೆಮಾರ ಉಪ್ಪಿನ ಗದ್ದುಗೆಯ ಮೇಲೆ ಕೂತಿದ್ದ. ಅವನ ಬೆನ್ನ ಹಿಂದಿನ ಗೂಡಿನಲ್ಲಿ ದೀಪ. ಸುತ್ತ ಸಾಲುಸಾಲು ಮಣ್ಣಾಳುಗಳು.

"ನನ್ನ ಕೂಸನ್ನ ಕೊಡು" ಎಂದಳು ಕೆಂಚವ್ವ.

ಜಡೆಮಾರ ನಕ್ಕು ಕೈ ಆಡಿಸಿದ. ಮೂರು ತೊಟ್ಟಿಲುಗಳು ಬಂದವು. ಮೂರರಲ್ಲೂ ಚಿಗರಿ. "ನಿನ್ನದನ್ನ ಆರಿಸ್ಕೋ. ತಪ್ಪಿದ್ರೆ ನೀನೂ ಇಲ್ಲೇ." ಆಳುಗಳ ಕಡೆ ತಿರುಗಿ, "ಏನ್ರೋ, ಇವಳು ಆರಿಸ್ತಾಳಾ?" ಎಂದ.

"ನಿಮ್ಮ ಮಾಯೆ ಬ್ರಹ್ಮನಿಗೂ ತಿಳಿಯದು ಒಡೆಯ!" ಎಂದವು ಆಳುಗಳು.

ಕೆಂಚವ್ವ ತನ್ನ ಮಣ್ಣಾಳನ್ನು ಕೇಳಿದಳು: "ಯಾವುದೋ ನಂದು?"

"ಗೊತ್ತಿಲ್ಲ ತಾಯಿ."

"ಸುಮ್ನೆ ಒಂದನ್ನ ಹೇಳೋ!"

"ಹೇಳಿದರೆ ನೀವು ನಂಬುತ್ತೀರಿ. ನನಗೆ ಗೊತ್ತಿಲ್ಲ. ನೀವೇ ನೋಡಬೇಕು."

ಆಗ ಅವಳೇ ನೋಡಿದಳು. ಮೊದಲ ತೊಟ್ಟಿಲ ಕೂಸು ಅವಳನ್ನು ಕಂಡು ಕಿಲಕಿಲ ನಕ್ಕು ಕೈ ಚಾಚಿತು. ಎರಡನೆಯದು "ಅವ್ವಾ" ಎಂದಿತು. ಮೂರನೆಯದು ಒಂದು ಸಲ ಅವಳ ಮುಖ ನೋಡಿ, ತುಟಿ ಉಬ್ಬಿಸಿ, ಗೋಡೆಯ ಕಡೆ ತಿರುಗಿಕೊಂಡಿತು. ಅವಳು ಮುಟ್ಟಹೋದರೆ ಕೈ ಕೊಡವಿತು.

ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳುವುದಕ್ಕೆ ಹೆತ್ತ ಕೂಸಿಗಲ್ಲದೆ ಇನ್ಯಾರಿಗೆ ಹಕ್ಕಿದೆ? ಕೆಂಚವ್ವ ಮೂರನೆಯದನ್ನು ಬಾಚಿ ಎತ್ತಿಕೊಂಡಳು. ಕೂಸು ಅವಳ ಕೆನ್ನೆಗೆ ಎರಡೇಟು ಹೊಡೆದು, ಆಮೇಲೆ ಕತ್ತಿಗೆ ಜೋತುಬಿದ್ದು ಅತ್ತಿತು. ಉಳಿದೆರಡು ಕೂಸುಗಳು ಉಪ್ಪಾಗಿ ಉದುರಿದವು.

ಜಡೆಮಾರನ ಮುಖ ಕಪ್ಪಿಟ್ಟಿತು. ಕೊಟ್ಟ ಮಾತು ಅವನಿಗೆ ಲೆಕ್ಕವೇ? ಕೆಂಚವ್ವನ ಮಣ್ಣಾಳನ್ನು ನೋಡಿ ಅಬ್ಬರಿಸಿದ: "ಲೋ, ನಿನ್ನ ಮಾಡಿದವನು ನಾನು. ಅವಳ ಕತ್ತು ಹಿಸುಕು!"

ಮಣ್ಣಾಳು ಕೆಂಚವ್ವನ ಕಡೆ ತಿರುಗಿದ. "ತಾಯಿ, ಮತ್ತೆ ಸರಿಮಾಡಲಾಗದ ಕೆಲಸ. ನಿಮ್ಮನ್ನು ಕೇಳಬೇಕು. ಹಿಸುಕಲೇ?"

"ಬೇಡ."

"ಆಗಲಿ" ಎಂದು ಕೈಕಟ್ಟಿ ನಿಂತ. ಹಾಗೇ ಅವಳ ಕಿವಿಯಲ್ಲಿ, "ಆ ದೀಪ ಆರುತ್ತಿದೆ ತಾಯಿ" ಎಂದ.

ಬತ್ತಿ ಕಮರಿದ ವಾಸನೆ ಆಗಲೇ ಕೆಂಚವ್ವನ ಮೂಗಿಗೆ ಬಡಿದಿತ್ತು. ಒಂದು ಗಳಿಗೆ ಸುಮ್ಮನಿರೋಣ ಎನ್ನಿಸಿತು. ಆದರೆ ಸುಮ್ಮನಿದ್ದು ಸುಮ್ಮನಿದ್ದು ಅವಳಿಗೆ ಸಾಕಾಗಿತ್ತು.

"ಜಡೆಮಾರಾ, ನಿನ್ನ ದೀಪ ಆರ್ತಾ ಇದೆ. ಅಮಾವಾಸ್ಯೆವರೆಗೂ ಬರಲ್ಲ. ಹಿಂದೆ ತಿರುಗಿ ನೋಡು."

ಜಡೆಮಾರ ತಿರುಗಲಿಲ್ಲ. ಹೆಂಗಸೊಬ್ಬಳು ಹೇಳಿದಳೆಂದು ತಿರುಗುವ ಕತ್ತಲ್ಲ ಅದು. ಆಳುಗಳನ್ನು ಕೇಳಿದ: "ಏನ್ರೋ, ನನ್ನ ದೀಪ ಹೇಗಿದೆ?"

ಕೆಟ್ಟ ಸುದ್ದಿ ತಂದವರನ್ನು ಪುಡಿ ಮಾಡುತ್ತೇನೆ ಎಂದು ಅವನೇ ಅವುಗಳಿಗೆ ಕಟ್ಟಳೆ ಹಾಕಿದ್ದ.

"ಧಗಧಗ ಉರಿಯುತ್ತಿದೆ ಒಡೆಯ!"

"ಕೇಳಿದೆಯಾ?" ಎಂದು ಅವನು ನಕ್ಕ. ಕೈಯೆತ್ತಿ ಮಂತ್ರ ಶುರುಮಾಡಿದ. ಹಿಂದೆ ಬತ್ತಿ ಚುಂಯ್ ಎಂದಿತು. ಎತ್ತಿದ ಕೈ ಹಾಗೇ ಉಪ್ಪಾಯಿತು, ಮೈ ಉಪ್ಪಾಯಿತು, ನಗು ಉಪ್ಪಾಯಿತು. ಆಳುಗಳು ಇನ್ನೂ ಹೇಳುತ್ತಲೇ ಇದ್ದವು: "ಧಗಧಗ ಉರಿಯುತ್ತಿದೆ ಒಡೆಯ, ಧಗಧಗ ಉರಿಯುತ್ತಿದೆ."

ಮಾಟ ಮುರಿಯಿತು. ಹುಲಿ ರಾಜಕುಮಾರನಾಯಿತು. ಗಂಡಸರು ಮನೆಗಳಿಗೆ ಮರಳಿದರು, ಮಲ್ಲುಗನೂ ಬಂದ. ರಾಜಕುಮಾರನನ್ನು ಹುಡುಕಿದ್ದಕ್ಕೆ ಅವರಿಗೆಲ್ಲ ರಾಜ ಪೇಟ ತೊಡಿಸಿದ. ಕೆಂಚವ್ವನಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಅವಳ ಮಣ್ಣಾಳನ್ನು ಅರಮನೆಗೆ ಕರೆಸಿಕೊಂಡರು. ಸಂಜೆಯೊಳಗೆ, ಬಾಯಿ ಜಾಸ್ತಿ ಎಂದು ವಾಪಸ್ಸು ಕಳಿಸಿದರು. ಉಪ್ಪಿನ ಕೋಟೆಯಲ್ಲಿ ಉಳಿದ ಆಳುಗಳನ್ನು ಜನ ಮನೆಗೊಂದರಂತೆ ಹೊಡೆದುಕೊಂಡು ಬಂದರು. ತಂದವರೆಲ್ಲ ಅವಕ್ಕೆ ಮೊದಲು ಹೇಳಿದ್ದು ಒಂದೇ ಮಾತು: "ನೋಡು, ಈ ಮನೇಲಿ ಎದುರು ಮಾತಿಲ್ಲ."

ಗಂಗಾಜವ್ವ ಮೊಮ್ಮಗಳನ್ನು ಎದೆಗವಚಿಕೊಂಡು ಅತ್ತಳು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಬರುವ ಬಾಯಲ್ಲ ಅದು. ಆದರೆ ಅಂದು ಅವಳೇ ಅಡಿಗೆ ಮಾಡಿ, ಸೊಸೆಗೆ ಬಡಿಸಿ, ಎದುರಿಗೆ ಕೂತಳು.

"ಸಾರು ಹೇಗಿದೆಯೇ?"

ಮಲ್ಲುಗ ತುತ್ತು ಕೈಯಲ್ಲಿ ಹಿಡಿದು ಹೆಂಡತಿಯ ಕಡೆ ನೋಡಿದ, ಬೇಡ ಎನ್ನುವಂತೆ.

"ಉಪ್ಪು ಜಾಸ್ತಿ ಅತ್ತೆ" ಎಂದಳು ಕೆಂಚವ್ವ.

ಗಂಗಾಜವ್ವ ಹಲ್ಲು ಕಚ್ಚಿದಳು. ಒಂದು ಗಳಿಗೆ ಒಲೆಯನ್ನು ನೋಡಿದಳು, ಒಂದು ಗಳಿಗೆ ಕೂಸನ್ನು ನೋಡಿದಳು. ಆಮೇಲೆ ಮಜ್ಜಿಗೆ ಗಡಿಗೆಯನ್ನು ಸೊಸೆಯ ಕಡೆ ದೂಡಿ, "ಹಾಗಾದ್ರೆ ಕಲಸ್ಕೊಂಡು ಉಣ್ಣು. ನಿನ್ನ ನಾಲಗೆಯೇನು ಕಮ್ಮಿ ಉಪ್ಪಾ?" ಎಂದಳು.

ಹಾಲಗುಂದದಲ್ಲಿ ಅಂದಿನಿಂದ ಎಲ್ಲರೂ ಸುಖವಾಗಿದ್ದರು. ಬೇರೆ ಮನೆಗಳಲ್ಲಿ ಸುಖ ಸದ್ದಿಲ್ಲದೆ ಇತ್ತು. ಕೆಂಚವ್ವನ ಮನೆಯ ಸುಖ ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು.